ಮಕ್ಕಳು ಮಲಗುವ ಹತ್ತಡಿ ನೆಲವನ್ನು ಹಗಲಲ್ಲೇ ನೋಡಿ ಬನ್ನಿ

ದಸರಾ ರಜೆ ಹತ್ತಿರವಾದಂತೆ ಪರಿಚಯದವರು ಒಬ್ಬರಲ್ಲ ಒಬ್ಬರು ಫೋನ್ ಮಾಡುತ್ತಾರೆ. ‘ಮೈಸೂರಿನ ಹತ್ತಿರ ಮಕ್ಕಳನ್ನು ಕರೆದುಕೊಂಡು ಟೆಂಟ್ ಹಾಕುವುದಕ್ಕೆ ಒಂದು ಒಳ್ಳೆಯ ಜಾಗ ಹೇಳಿ’ ಎಂಬುದೇ ಪ್ರಶ್ನೆ. ಊರಿನ ಹೆಸರು ಸಿಕ್ಕಿದ ಕೂಡಲೇ ಹೊರಟುಬಿಡುತ್ತಾರೆ, ಎಷ್ಟೋ ಜನ ನಡುರಾತ್ರಿ ಗಂಟುಮೂಟೆ ಕಟ್ಟಿಕೊಂಡು ಹಿಂದಿರುಗುತ್ತಾರೆ. ಊರು ಆರಿಸುವುದು ಸುಲಭ. ಆ ಊರಿನಲ್ಲಿ ಮಕ್ಕಳು ಮಲಗುವ ಹತ್ತಡಿ ನೆಲವನ್ನು ಆರಿಸುವುದೇ ಕಷ್ಟ.

ಮೊದಲ ಹೆಜ್ಜೆ: ದೂರ

ಮನೆಯಿಂದ ಒಂದೂವರೆ ಗಂಟೆಯ ದಾರಿಗಿಂತ ಆಚೆ ಹೋಗಬೇಡಿ. ರಾತ್ರಿ ಮಗುವಿಗೆ ಜ್ವರ ಬಂದರೆ ವಾಪಸಾಗುವ ಧೈರ್ಯ ಇರಬೇಕು. ಮೈಸೂರಿನವರಿಗೆ ಶ್ರೀರಂಗಪಟ್ಟಣ, ಪಾಂಡವಪುರ, ತೊಣ್ಣೂರು ಕೆರೆಯ ಸುತ್ತಮುತ್ತ, ತಲಕಾಡು, ಎಚ್.ಡಿ. ಕೋಟೆಯ ರಸ್ತೆ, ಮಂಡ್ಯದವರಿಗೆ ಮಳವಳ್ಳಿ, ಶಿವನಸಮುದ್ರದ ದಿಕ್ಕು ಈ ಅಳತೆಯೊಳಗೆ ಬರುತ್ತವೆ.

ಎರಡನೆಯದು: ಹೊಡೆದುಹಾಕಬೇಕಾದ ಹೆಸರುಗಳು

ಪಟ್ಟಿ ಮಾಡಿದ ಮೇಲೆ ಅದರಲ್ಲಿ ಅರಣ್ಯವಿದ್ದರೆ ಗೆರೆ ಎಳೆಯಿರಿ. ಮುತ್ತತ್ತಿ ಕಾವೇರಿ ವನ್ಯಜೀವಿಧಾಮದೊಳಗಿದೆ. ಮೇಲುಕೋಟೆಯ ಬೆಟ್ಟಗಳ ಪಕ್ಕದಲ್ಲಿ ತೋಳಗಳಿಗೆ ಹೆಸರಾದ ವನ್ಯಜೀವಿಧಾಮವಿದೆ, ಹುಣಸೂರು ದಿಕ್ಕಿನಲ್ಲಿ ಅರಬಿತಿಟ್ಟು ವನ್ಯಜೀವಿಧಾಮ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಕಡೆ ಅನುಮತಿಯಿಲ್ಲದೆ ಒಳಹೋಗುವುದೇ ಅಪರಾಧ. ಮುತ್ತತ್ತಿಯ ಹೊಳೆ ಮೇಲ್ನೋಟಕ್ಕೆ ಶಾಂತವಾಗಿ ಕಂಡರೂ ಅಡಿಯಲ್ಲಿ ಬಂಡೆ, ಸುಳಿಗಳಿವೆ, ಈಜು ಬಲ್ಲವರೇ ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಕಾಡಿನ ನಡುವೆಯೇ ಮಲಗಬೇಕೆಂಬ ಆಸೆಯಿದ್ದರೆ ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿಯಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರವಿದೆ. ಖರ್ಚು ಹೆಚ್ಚು, ಆದರೆ ಮೊದಲ ಸಲ ಹೋಗುವವರಿಗೆ ಆ ಖರ್ಚು ದಂಡವಲ್ಲ.

ಮೂರನೆಯದು: ಮನೆಯವರು ವಾಸವಿರುವ ತೋಟ

ನನ್ನ ಖಚಿತ ಸಲಹೆ ಇದೊಂದೇ. ರೈತ ಕುಟುಂಬ ರಾತ್ರಿಯೂ ಅಲ್ಲೇ ಇರುವ ತೋಟದ ಮನೆಯನ್ನು ಹುಡುಕಿ. ಶೌಚಾಲಯ, ಕುಡಿಯುವ ನೀರು, ಕಾರು ನಿಲ್ಲಿಸುವ ಜಾಗ, ಕೂಗಿದರೆ ಓಗೊಡುವ ಜನ, ಎಲ್ಲವೂ ಒಟ್ಟಿಗೆ ಸಿಗುತ್ತವೆ. ಸ್ನೇಹಿತರ, ನೆಂಟರ, ಕಚೇರಿಯ ಸಹೋದ್ಯೋಗಿಗಳ ಪೈಕಿ ಹಳ್ಳಿಯಲ್ಲಿ ಜಮೀನಿರುವವರು ಒಬ್ಬರಾದರೂ ಇರುತ್ತಾರೆ, ಅವರನ್ನೇ ಮೊದಲು ಕೇಳಿ.

ನಾಲ್ಕನೆಯದು: ಹಗಲಲ್ಲಿ ಹೋಗಿ ನೋಡುವುದು

ಎಲ್ಲರೂ ಎಡವುವುದು ಇಲ್ಲೇ. ಮೊಬೈಲ್‌ನಲ್ಲಿ ಫೋಟೊ ನೋಡಿ ಜಾಗ ಗೊತ್ತಾಯಿತೆಂದುಕೊಳ್ಳುತ್ತಾರೆ. ಹಿಂದಿನ ಭಾನುವಾರ ಮಕ್ಕಳಿಲ್ಲದೆ, ಟೆಂಟ್ ಇಲ್ಲದೆ, ಅರ್ಧ ದಿನ ಇಟ್ಟುಕೊಂಡು ಹೋಗಿ.

ಮೊದಲು ನೀರು ಎಲ್ಲಿದೆ ನೋಡಿ. ಕೃಷ್ಣರಾಜಸಾಗರದ ಹಿನ್ನೀರಿನ ದಂಡೆ ಬೇಸಿಗೆ ಮುಗಿಯುವ ಹೊತ್ತಿಗೆ ಹುಲ್ಲುಗಾವಲಿನಂತೆ ಕಾಣುತ್ತದೆ. ನನಗೆ ಪರಿಚಯದ ಒಂದು ಕುಟುಂಬ ಜೂನ್ ಕೊನೆಯ ಶನಿವಾರ ಅಲ್ಲಿ ನೀರಿನಿಂದ ನಲವತ್ತು ಹೆಜ್ಜೆ ಹಿಂದೆ ಟೆಂಟ್ ಹಾಕಿತು. ಆಕಾಶ ತಿಳಿಯಾಗಿತ್ತು, ನಕ್ಷತ್ರಗಳಿದ್ದವು. ಬೆಳಗಿನ ಜಾವ ಮಗು ಅತ್ತಾಗ ತಾಯಿ ತಡವಿ ನೋಡಿದರೆ ಚಾಪೆಯ ಅಂಚು ನೆನೆದಿತ್ತು. ಮಳೆ ಬಿದ್ದದ್ದು ಕೊಡಗಿನಲ್ಲಿ, ನೀರು ಏರಿದ್ದು ಇಲ್ಲಿ. ಸಮತಟ್ಟಾದ ದಂಡೆಯಲ್ಲಿ ಮಟ್ಟ ಒಂದಡಿ ಏರಿದರೂ ನೀರು ಅಡ್ಡಕ್ಕೆ ಹತ್ತಾರು ಮಾರು ಮುಂದೆ ಬರುತ್ತದೆ. ಹಿನ್ನೀರಿನ ಅಂಚು ಯಾರದೂ ಅಲ್ಲದ ಜಾಗವೂ ಅಲ್ಲ, ಅದು ಜಲಾಶಯಕ್ಕೆಂದು ಸರ್ಕಾರ ವಶಪಡಿಸಿಕೊಂಡ ಭೂಮಿ. ಅಣೆಕಟ್ಟೆಯ ಕೆಳಗಿನ ಬಲಮುರಿ, ಎಡಮುರಿಯ ಕಡೆ ಆತಂಕ ಬೇರೆ ರೀತಿಯದು. ಗೇಟು ಎತ್ತಿದರೆ ಹೊಳೆಯೇ ಏರುತ್ತದೆ. ಪತ್ರಿಕೆಯಲ್ಲಿ ಪ್ರತಿದಿನ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಅಚ್ಚಾಗುತ್ತದೆ. ಮಟ್ಟ 124.80 ಅಡಿಯ ಗರಿಷ್ಠದ ಹತ್ತಿರ ಬಂದಿದ್ದರೆ ಆ ವಾರ ಹೊಳೆಯ ದಡದ ಯೋಚನೆಯನ್ನೇ ಬಿಡಿ. ಯಾವುದೇ ಕೆರೆಯ ಬಳಿ ಒಣಗಿದ ಕಡ್ಡಿ, ಕಸ, ಪ್ಲಾಸ್ಟಿಕ್ ಒಂದೇ ಗೆರೆಯಾಗಿ ಬಿದ್ದಿದ್ದರೆ ನೀರು ಅಲ್ಲಿಯವರೆಗೆ ಬಂದಿತ್ತು ಎಂದರ್ಥ. ಆ ಗೆರೆಯಿಂದಲೂ ಮೇಲಕ್ಕೆ ಹೋಗಿ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಏರಿಯ ಮೇಲೆ ಟೆಂಟ್ ಬೇಡವೇ ಬೇಡ. ಮಗು ಜಾರಿ ಬಿದ್ದರೆ ಹತ್ತಲು ಹಿಡಿತವೇ ಸಿಗುವುದಿಲ್ಲ.

ನೀರಾವರಿ ಜಮೀನಿನಲ್ಲಿ ಇನ್ನೊಂದು ಸಂಗತಿಯಿದೆ, ಇದನ್ನು ನನಗೆ ಕಲಿಸಿದವರು ಪಾಂಡವಪುರ ತಾಲ್ಲೂಕಿನ ಒಬ್ಬ ರೈತ ಮಹಿಳೆ. ಎರಡು ಬದುಗಳ ನಡುವೆ ನುಣುಪಾದ ನೆಲ ಕಂಡು ನಾನು ಗೂಟ ಹೊಡೆಯಲು ಕುಳಿತಿದ್ದೆ. ಹಸುವಿಗೆ ಹುಲ್ಲು ಹೊತ್ತು ಬರುತ್ತಿದ್ದ ಅವರು ಹೊರೆ ಇಳಿಸದೆಯೇ ನಿಂತು, ‘ಅಲ್ಲಿ ಬೇಡ ಅಣ್ಣ, ರಾತ್ರಿ ಕರೆಂಟು ಬಂದರೆ ಮೋಟಾರು ತಾನಾಗಿಯೇ ಓಡುತ್ತದೆ, ನೀರು ನೇರವಾಗಿ ಅಲ್ಲಿಗೇ ಬರುತ್ತದೆ’ ಎಂದರು. ನೆಲ ನುಣುಪಾಗಿದ್ದುದು ನೀರು ನಿಂತು ನಿಂತೇ. ಪಂಪ್‌ಸೆಟ್‌ಗೆ ಆಟೊ ಸ್ಟಾರ್ಟರ್ ಇದೆಯೇ, ಆ ರಾತ್ರಿ ನಾಲೆಯ ನೀರಿನ ಸರದಿ ಯಾರದು ಎಂದು ಈಗ ಪ್ರತಿ ಸಲವೂ ಕೇಳುತ್ತೇನೆ.

ಆಮೇಲೆ ತಲೆ ಎತ್ತಿ ನೋಡಿ. ತೆಂಗಿನ ಮರದಡಿ ನೆರಳು ಚೆನ್ನ, ಆದರೆ ಕಾಯಿಯೂ ಬೀಳುತ್ತದೆ, ಒಣಗಿದ ಗರಿಯೂ ಬೀಳುತ್ತದೆ. ಸಾಲುಗಳ ನಡುವಿನ ಬಯಲಿಗೆ ಬನ್ನಿ. ಮಾವಿನ ತೋಪು ನನಗೆ ಎಲ್ಲಕ್ಕಿಂತ ಇಷ್ಟ, ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ ಇಲ್ಲವೆಂದು ಖಚಿತವಾದರೆ. ಕಬ್ಬಿನ ಗದ್ದೆಗೆ ಅಂಟಿಕೊಂಡು ಮಲಗಬೇಡಿ. ಕಬ್ಬು ಕಡಿಯುವಾಗ ಚಿರತೆ ಮರಿಗಳು ಸಿಕ್ಕಿದ ಸುದ್ದಿ ಮಂಡ್ಯದವರಿಗೆ ಹೊಸದಲ್ಲ. 2022ರ ಕೊನೆಯಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಸತ್ತಿದ್ದಾರೆ. ‘ಈಚೆಗೆ ನಾಯಿ, ಕುರಿ ಏನಾದರೂ ಕಾಣೆಯಾಗಿದೆಯೇ?’ ಎಂದು ಊರಿನ ಟೀ ಅಂಗಡಿಯಲ್ಲಿ ಕೇಳಿ. ಹೌದು ಎಂದರೆ ಆ ಊರು ಬಿಡಿ.

ಹೊರಡುವ ಮುನ್ನ ಟೆಂಟ್ ಹಾಕುವ ಜಾಗದಲ್ಲೇ ನಿಂತು ಮನೆಗೆ ಫೋನ್ ಮಾಡಿ, ಸಿಗ್ನಲ್ ತಿಳಿಯುತ್ತದೆ. ಹಾವು ಕಚ್ಚಿದರೆ ಚುಚ್ಚುಮದ್ದು ಸಿಗುವ ಹತ್ತಿರದ ಆಸ್ಪತ್ರೆ ಯಾವುದು ಎಂದು ತೋಟದವರನ್ನೇ ಕೇಳಿ ಬರೆದುಕೊಳ್ಳಿ. ಕೊನೆಯ ಅರ್ಧ ಕಿಲೋಮೀಟರ್ ಮಣ್ಣುದಾರಿ ಗದ್ದೆಯ ನಡುವೆ ಇದ್ದರೆ, ಒಂದು ಮಳೆಗೆ ಕಾರು ಹೂತುಹೋಗುತ್ತದೆ.

ಐದನೆಯದು: ಕಾಲ, ಸಾಮಾನು

ನವೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಹೋಗಿ. ಮಕ್ಕಳ ದಸರಾ ರಜೆ ಅಕ್ಟೋಬರ್‌ನಲ್ಲೇ ಬಿದ್ದರೆ ಹಿಂಗಾರಿನ ಮಳೆಯನ್ನು ಲೆಕ್ಕಕ್ಕಿಟ್ಟು, ಜಗುಲಿ ಇರುವ ಮನೆಯನ್ನೇ ಆರಿಸಿ.

ಎಸೆದರೆ ತಾನೇ ಬಿಚ್ಚಿಕೊಳ್ಳುವ ಅಗ್ಗದ ಟೆಂಟ್ ಕೊಳ್ಳಬೇಡಿ. ಅವುಗಳಲ್ಲಿ ಬಹುಪಾಲಿಗೆ ಬಟ್ಟೆ ಒಂದೇ ಪದರ. ಡಿಸೆಂಬರ್ ಇಬ್ಬನಿಗೆ ಒಳಗಿನ ಉಸಿರೇ ನೀರಾಗಿ ಮಕ್ಕಳ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಮೇಲೆ ಇನ್ನೊಂದು ಹೊದಿಕೆ ಇರುವುದನ್ನೇ ತನ್ನಿ. ಟೆಂಟ್‌ನ ಕೆಳಗೆ ಹಾಸಲು ಗದ್ದೆಯವರು ಬಳಸುವ ಟಾರ್ಪಾಲು ಸಾಕು, ಅದರ ಅಂಚು ಟೆಂಟ್‌ನಿಂದ ಹೊರಗೆ ಚಾಚದಂತೆ ಮಡಚಿ. ಚಾಚಿದರೆ ಮಳೆನೀರನ್ನು ಅದೇ ಒಳಕ್ಕೆ ಎಳೆಯುತ್ತದೆ. ಹಾವು ಓಡಿಸುವುದಾಗಿ ಮಾರುವ ಶಬ್ದದ ಯಂತ್ರಗಳನ್ನು ನಂಬಬೇಡಿ. ಒಳಗೆ ಹೊರಗೆ ಹೋದಾಗಲೆಲ್ಲ ಜಿಪ್ ಪೂರ್ತಿ ಎಳೆಯುವುದು, ಚಪ್ಪಲಿ ಕೊಡವಿ ಹಾಕಿಕೊಳ್ಳುವುದು, ಟಾರ್ಚ್ ಇಲ್ಲದೆ ಹೆಜ್ಜೆ ಇಡದಿರುವುದು, ಈ ಮೂರನ್ನು ಮಕ್ಕಳಿಗೆ ಮನೆಯಲ್ಲೇ ಅಭ್ಯಾಸ ಮಾಡಿಸಿ.

ಆರನೆಯದು: ಆ ದಿನ

ಸಂಜೆ ನಾಲ್ಕು ಗಂಟೆಯೊಳಗೆ ತಲುಪಿ. ಬೆಂಕಿ ಹಾಕುವುದಾದರೆ ತೋಟದವರು ತೋರಿಸಿದ ಕಡೆ ಮಾತ್ರ ಹಾಕಿ, ಏಕೆಂದರೆ ಜನವರಿಯಲ್ಲಿ ಪಕ್ಕದ ಗದ್ದೆಯ ಕಬ್ಬಿನ ತರಗು ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ, ಆ ರೈತನ ವರ್ಷದ ದುಡಿಮೆ ಅದರಲ್ಲಿದೆ. ಮಲಗುವ ಮುನ್ನ ಬೂದಿಯ ಮೇಲೆ ಎರಡು ಕೊಡ ನೀರು ಸುರಿದು, ಕೋಲಿನಿಂದ ಕೆದಕಿ, ಅಂಗೈಯನ್ನು ಹತ್ತಿರ ಹಿಡಿದು ನೋಡಿ. ಶಾಖ ತಾಗಿದರೆ ಇನ್ನೊಂದು ಕೊಡ ಸುರಿಯಿರಿ.