ಕಾರು ಮನೆಯಲ್ಲಿರಲಿ, ಶಿಕಾಗೊ ನೋಡಿ ಬನ್ನಿ

ಮಕ್ಕಳು ಶಿಕಾಗೊದಲ್ಲಿದ್ದಾರೆ ಎಂದು ಇಲ್ಲಿಂದ ಹೊರಡುವ ಎಷ್ಟೋ ಅಪ್ಪ ಅಮ್ಮಂದಿರು ಹೋಗಿ ಸೇರುವುದು ನೇಪರ್‌ವಿಲ್, ಅರೋರಾ, ಶಾಂಬರ್ಗ್‌ನಂಥ ಉಪನಗರಗಳನ್ನು. ವಾರವಿಡೀ ಮನೆಯೊಳಗೆ ಕೂರುತ್ತಾರೆ. ಶನಿವಾರ ಮಗ ಕಾರಿನಲ್ಲಿ ಪೇಟೆಗೆ ಕರೆದೊಯ್ದು, ಮಿಲೆನಿಯಂ ಪಾರ್ಕಿನ ಹೊಳೆಯುವ ಲೋಹದ ಶಿಲ್ಪದ ಮುಂದೆ ಫೋಟೊ ತೆಗೆದು, ಪಾರ್ಕಿಂಗ್ ಶುಲ್ಕ ಏರುತ್ತಿದೆ ಎಂದು ಸಂಜೆಯೊಳಗೆ ವಾಪಸು ಕರೆತರುತ್ತಾನೆ. ತಿಂಗಳುಗಟ್ಟಲೆ ಇದ್ದು ಬಂದವರು ‘ಎಲ್ಲ ಕಡೆ ಎತ್ತರದ ಕಟ್ಟಡ, ಅಷ್ಟೇ’ ಎನ್ನುವಾಗ ನನಗೆ ಸಂಕಟವಾಗುತ್ತದೆ. ಅಧಿಕೃತ ಲೆಕ್ಕದಲ್ಲೇ 77 ಪ್ರದೇಶಗಳಿರುವ ಊರು ಅದು. ಒಂದೊಂದು ಬಡಾವಣೆಯ ಭಾಷೆ ಬೇರೆ, ಊಟ ಬೇರೆ. ರೈಲು ಬಸ್ಸುಗಳಲ್ಲಿ ಯಾರ ಹಂಗೂ ಇಲ್ಲದೆ ನೋಡಿ ಬರಬಹುದು.

ಮೊದಲು: ಪೇಟೆಗೆ ಬನ್ನಿ

ಮೇಲೆ ಹೇಳಿದ ಮೂರೂ ಊರುಗಳಿಂದ ‘ಮೆಟ್ರಾ’ ರೈಲು ನೇರವಾಗಿ ಯೂನಿಯನ್ ಸ್ಟೇಷನ್‌ಗೆ ಬರುತ್ತದೆ. ಮೆಟ್ರಾದ ಟಿಕೆಟ್ ಬೇರೆ, ನಗರದೊಳಗಿನ ರೈಲು ಬಸ್ಸಿನದು ಬೇರೆ. ಮೆಟ್ರಾ ಪದೇ ಪದೇ ಬರುವ ರೈಲಲ್ಲ. ಮರಳುವ ರೈಲಿನ ಸಮಯವನ್ನು ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಿ.

ಎರಡನೆಯದು: ಕಾರ್ಡ್

ನಗರದ ರೈಲನ್ನು ಎಲ್ಲರೂ ‘ಎಲ್’ ಎನ್ನುತ್ತಾರೆ. ಅದಕ್ಕೂ ಬಸ್ಸಿಗೂ ‘ವೆಂಟ್ರಾ’ ಕಾರ್ಡ್ ನಡೆಯುತ್ತದೆ. ದಿನವಿಡೀ ಸುತ್ತುವವರು ದಿನದ ಪಾಸನ್ನೇ ಹಾಕಿಸಿಕೊಳ್ಳಿ. ಪಾಸ್ ಒಬ್ಬರಿಗೆ ಒಂದು. ಗಂಡ ಹೆಂಡತಿ ಒಂದರಲ್ಲೇ ಒಳಹೋಗಲಾಗದು. ಓಹೇರ್ ವಿಮಾನ ನಿಲ್ದಾಣದಲ್ಲಿ ಹತ್ತುವವರಿಗೆ ರೈಲಿನ ದರ ಮಾಮೂಲಿಗಿಂತ ಹೆಚ್ಚು. ಪಾಸ್ ಇದ್ದರೆ ಆ ಹೆಚ್ಚುವರಿ ಕೊಡಬೇಕಾಗಿಲ್ಲ. ಪ್ರವಾಸಿಗರಿಗಾಗಿ ಓಡುವ ಡಬಲ್ ಡೆಕರ್ ಬಸ್ಸಿಗೆ ದುಡ್ಡು ಸುರಿಯಬೇಡಿ. ಅದು ಸುತ್ತುವುದು ಹೆಚ್ಚಾಗಿ ನಡೆದೇ ನೋಡಬಹುದಾದ ಜಾಗಗಳನ್ನು.

ಮೂರನೆಯದು: ಅಂಕಿಗಳನ್ನು ಓದುವುದು

ಎಲ್ಲರೂ ಎಡವುವುದು ಇಲ್ಲಿ. ನಿಲ್ದಾಣದ ಹೆಸರನ್ನು ನಂಬಿ ಹೊರಡುತ್ತಾರೆ. ಶಿಕಾಗೊದಲ್ಲಿ ಬಹಳಷ್ಟು ನಿಲ್ದಾಣಗಳಿಗೆ ಅವು ಇರುವ ರಸ್ತೆಯ ಹೆಸರೇ ಇದೆ. ರಸ್ತೆಗಳೋ ಊರಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೆಟ್ಟಗೆ ಹೋಗುತ್ತವೆ. ಹೀಗಾಗಿ ‘ವೆಸ್ಟರ್ನ್’ ಹೆಸರಿನ ನಿಲ್ದಾಣಗಳು ಐದು! ‘ಎಲ್’ನ ಮಾರ್ಗಗಳಿಗೆ, ಅಂದರೆ ಲೈನ್‌ಗಳಿಗೆ, ಬಣ್ಣದ ಹೆಸರುಗಳಿವೆ. ಬ್ರೌನ್, ಆರೆಂಜ್, ಪಿಂಕ್ ಲೈನ್‌ಗಳಲ್ಲಿ ಒಂದೊಂದು, ಬ್ಲೂ ಲೈನ್ ಒಂದರಲ್ಲೇ ಎರಡು. ಬ್ರೌನ್ ಲೈನಿನ ವೆಸ್ಟರ್ನ್‌ಗೂ ಆರೆಂಜ್ ಲೈನಿನ ವೆಸ್ಟರ್ನ್‌ಗೂ ನಡುವೆ ಹತ್ತು ಮೈಲಿಗೂ ಹೆಚ್ಚು ದೂರ. ‘ವೆಸ್ಟರ್ನ್‌ನಲ್ಲಿ ಇಳಿಯಿರಿ, ನಾನು ಅಲ್ಲೇ ಇರುತ್ತೇನೆ’ ಎಂದು ಯಾರಾದರೂ ಹೇಳಿದರೆ ಯಾವ ಲೈನ್ ಎಂದು ಕೇಳದೆ ಫೋನ್ ಇಡಬೇಡಿ.

ಇದಕ್ಕೆ ಪರಿಹಾರ ಊರಿನ ವಿಳಾಸ ಪದ್ಧತಿಯಲ್ಲೇ ಇದೆ. ಪೇಟೆಯ ನಡುವೆ ಸ್ಟೇಟ್ ಸ್ಟ್ರೀಟ್ ಮತ್ತು ಮ್ಯಾಡಿಸನ್ ಸ್ಟ್ರೀಟ್ ಕೂಡುವ ಮೂಲೆ ಸೊನ್ನೆ. ಅಲ್ಲಿಂದ ನಾಲ್ಕೂ ದಿಕ್ಕಿಗೆ ಮನೆ ಸಂಖ್ಯೆಗಳು ಏರುತ್ತಾ ಹೋಗುತ್ತವೆ, 800ಕ್ಕೆ ಒಂದು ಮೈಲಿ. ವೆಸ್ಟರ್ನ್ ಅವೆನ್ಯೂ ಇರುವುದು ಪಶ್ಚಿಮ 2400ರಲ್ಲಿ, ಅಂದರೆ ಸ್ಟೇಟ್ ಸ್ಟ್ರೀಟಿನಿಂದ ಮೂರು ಮೈಲಿ. ಡೆವನ್ ಅವೆನ್ಯೂ ಉತ್ತರ 6400, ಎಂಟು ಮೈಲಿ. ‘2600 ವೆಸ್ಟ್ ಡೆವನ್’ ಎಂಬ ವಿಳಾಸ ಕೈಗೆ ಬಂದರೆ ನಕ್ಷೆಯೇ ಬೇಡ: ಎಂಟು ಮೈಲಿ ಉತ್ತರಕ್ಕೆ, ಮೂರೂಕಾಲು ಮೈಲಿ ಪಶ್ಚಿಮಕ್ಕೆ, ವೆಸ್ಟರ್ನ್ ದಾಟಿ ಸ್ವಲ್ಪ ಮುಂದೆ. ಸಮ ಸಂಖ್ಯೆಗಳು ರಸ್ತೆಯ ಉತ್ತರ ಅಥವಾ ಪಶ್ಚಿಮ ಬದಿಯಲ್ಲಿ, ಬೆಸ ಸಂಖ್ಯೆಗಳು ದಕ್ಷಿಣ ಅಥವಾ ಪೂರ್ವ ಬದಿಯಲ್ಲಿ. 1909ರಲ್ಲಿ ಜಾರಿಗೆ ಬಂದ ಈ ಪದ್ಧತಿ ಈಗಲೂ ನಡೆಯುತ್ತಿದೆ.

ಒಂದೇ ಒಂದು ತೊಡಕು ದಕ್ಷಿಣ ದಿಕ್ಕಿನಲ್ಲಿದೆ. ಅಲ್ಲಿ ಮೊದಲ ಮೈಲಿ 1200ಕ್ಕೆ, ಎರಡನೆಯದು 2200ಕ್ಕೆ, ಮೂರನೆಯದು 3100ಕ್ಕೆ ಮುಗಿಯುತ್ತದೆ. ಆಮೇಲೆ ಮತ್ತೆ 800ರ ಲೆಕ್ಕವೇ. ಇದನ್ನು ಬಾಯಿಪಾಠ ಮಾಡಿಕೊಳ್ಳಿ.

‘ಎಲ್’ ನಿಲ್ದಾಣಗಳ ಪ್ಲಾಟ್‌ಫಾರ್ಮ್ ಫಲಕದಲ್ಲಿ ಹೆಸರಿನ ಜೊತೆ ಉತ್ತರ-ದಕ್ಷಿಣದ್ದೊಂದು, ಪೂರ್ವ-ಪಶ್ಚಿಮದ್ದೊಂದು, ಈ ಎರಡು ಅಂಕಿಗಳೂ ಇರುತ್ತವೆ. ಹೊರಡುವ ಮೊದಲು ಒಂದು ಚೀಟಿಯಲ್ಲಿ ಲೈನಿನ ಬಣ್ಣ, ನಿಲ್ದಾಣದ ಹೆಸರು, ಎರಡು ಅಂಕಿ ಬರೆದುಕೊಳ್ಳಿ. ಚಳಿಯಲ್ಲಿ ಮೊಬೈಲ್ ಬ್ಯಾಟರಿ ಬೇಗ ಇಳಿಯುತ್ತದೆ, ಚೀಟಿಗೆ ಆ ತೊಂದರೆಯಿಲ್ಲ. ಎಲ್ಲೇ ಗೊಂದಲವಾದರೂ ಮಿಷಿಗನ್ ಸರೋವರ ಇರುವ ಕಡೆ ಪೂರ್ವ.

ಅಭ್ಯಾಸಕ್ಕೆ ಮೊದಲ ದಿನವೇ ಒಂದು ಲೆಕ್ಕ ಮಾಡಿ. ಯೂನಿಯನ್ ಸ್ಟೇಷನ್ ಪಶ್ಚಿಮ 500ರಲ್ಲಿದೆ, ಮಿಷಿಗನ್ ಅವೆನ್ಯೂ ಪೂರ್ವ 100ರಲ್ಲಿ. ಒಟ್ಟು 600, ಅಂದರೆ ಮುಕ್ಕಾಲು ಮೈಲಿ. ಆ್ಯಡಮ್ಸ್ ಸ್ಟ್ರೀಟ್ ಹಿಡಿದು ನೆಟ್ಟಗೆ ಪೂರ್ವಕ್ಕೆ ನಡೆದರೆ ಎದುರಾಗುವುದು ಆರ್ಟ್ ಇನ್‌ಸ್ಟಿಟ್ಯೂಟ್. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿದ್ದು ಇದೇ ಆವರಣದಲ್ಲಿ. ಕಾರಿನಲ್ಲಿ ಬಂದ ಎಷ್ಟೋ ಮಂದಿ ಅದರ ಮುಂದೆಯೇ ಹಾದು ಹೋಗಿರುತ್ತಾರೆ, ಗೊತ್ತಾಗದೆ.

ರೈಲಿನ ದಿಕ್ಕು

ರೈಲಿನ ಮೇಲೆ ಬರೆದಿರುವುದು ಕೊನೆಯ ನಿಲ್ದಾಣದ ಹೆಸರು. ರೆಡ್ ಲೈನಿಗೆ ಹೋವರ್ಡ್ ಎಂದಿದ್ದರೆ ಉತ್ತರಕ್ಕೆ, 95 ಎಂದಿದ್ದರೆ ದಕ್ಷಿಣಕ್ಕೆ. ಪೇಟೆಯ ಮೇಲೆ ಚೌಕಾಕಾರದಲ್ಲಿ ಸುತ್ತುವ ಹಳಿಗೆ ‘ಲೂಪ್’ ಎಂದು ಹೆಸರು, 1897ರಿಂದ ಇದೆ. ಪಿಂಕ್, ಆರೆಂಜ್ ರೈಲುಗಳು ಅದಕ್ಕೆ ಪ್ರದಕ್ಷಿಣೆ ಬಂದು, ಬ್ರೌನ್ ಅಪ್ರದಕ್ಷಿಣವಾಗಿ ಸುತ್ತಿ, ಬಂದ ದಾರಿಯಲ್ಲೇ ಮರಳುತ್ತವೆ. ಕ್ವಿನ್ಸಿಯಂಥ ನಿಲ್ದಾಣದಲ್ಲಿ ಎರಡೂ ದಿಕ್ಕಿಗೆ ಬೇರೆ ಬೇರೆ ಬಾಗಿಲು. ಕಾರ್ಡ್ ತಾಗಿಸುವ ಮೊದಲು ಮೇಲಿನ ಫಲಕ ಓದಿ. ಇಡೀ ರೈಲು ತುಂಬಿದ್ದು ಒಂದೇ ಬೋಗಿ ಖಾಲಿ ಕಂಡರೆ ಅದನ್ನು ಹತ್ತಬೇಡಿ, ಖಾಲಿ ಇರುವುದಕ್ಕೆ ಕಾರಣ ಇದ್ದೇ ಇರುತ್ತದೆ.

ಒಂದು ದಿನಕ್ಕೆ ಒಂದೇ ಬಡಾವಣೆ

ಮೂರು ನಾಲ್ಕು ಕಡೆ ಓಡಾಡುವ ಯೋಜನೆ ಹಾಕಬೇಡಿ. ನನ್ನ ಮಾತು ಕೇಳುವುದಾದರೆ ಪಿಲ್ಸನ್‌ನಿಂದ ಶುರು ಮಾಡಿ. ಯೂನಿಯನ್ ಸ್ಟೇಷನ್‌ನಿಂದ ನದಿ ದಾಟಿ ಕ್ವಿನ್ಸಿಗೆ ನಡೆದು, ಪಿಂಕ್ ಲೈನ್ ಹತ್ತಿ, ‘18ನೇ ಸ್ಟ್ರೀಟ್’ನಲ್ಲಿ ಇಳಿಯಿರಿ. ಹಿಂದೆ ಈಗಿನ ಚೆಕ್ ದೇಶದ ಬೊಹೀಮಿಯಾದಿಂದ ಬಂದವರು ನೆಲೆಸಿ ತಮ್ಮ ಪ್ಲ್ಜೆನ್ ಊರಿನ ಹೆಸರನ್ನೇ ಇಟ್ಟರು. ಆಮೇಲೆ ಮೆಕ್ಸಿಕೊದವರು ಬಂದು ಗೋಡೆಗಳಿಗೆ ಬಣ್ಣ ಕೊಟ್ಟರು. ನಿಲ್ದಾಣದಲ್ಲೇ ಚಿತ್ರಗಳು ಶುರುವಾಗುತ್ತವೆ. 16ನೇ ಸ್ಟ್ರೀಟಿನ ರೈಲು ದಿಬ್ಬದ ಗೋಡೆಯುದ್ದಕ್ಕೂ ಭಿತ್ತಿಚಿತ್ರಗಳಿವೆ. 19ನೇ ಸ್ಟ್ರೀಟಿನ ಮೆಕ್ಸಿಕನ್ ಕಲಾ ಸಂಗ್ರಹಾಲಯಕ್ಕೆ ಪ್ರವೇಶ ಉಚಿತ. ಅಲ್ಲಿಗೆ ಹೋಗದೆ ಬರಬೇಡಿ.

ಮಾಂಸಾಹಾರಿಗಳು ಕಾರ್ನೀತಾಸ್ ಕೇಳಿ, ಕೊಬ್ಬಿನಲ್ಲಿ ನಿಧಾನವಾಗಿ ಬೆಂದ ಹಂದಿ ಮಾಂಸ ಅದು. ಸಸ್ಯಾಹಾರಿಗಳು ಇಲ್ಲಿ ನಿಜಕ್ಕೂ ಎಚ್ಚರವಾಗಿರಬೇಕು. ಮಾಂಸ ಕಾಣಿಸದ ತಿನಿಸಿನಲ್ಲೂ ಹಂದಿ ಕೊಬ್ಬು ಇರಬಹುದು: ಅರೆದು ಹುರಿದ ಕಾಳಿನಲ್ಲಿ, ತಮಾಲೆ ಎಂಬ ಕಡುಬಿನ ಹಿಟ್ಟಿನಲ್ಲಿ, ತೊರ್ತಿಯಾ ಎಂಬ ಗೋಧಿ ರೊಟ್ಟಿಯಲ್ಲಿ. ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸುವುದೂ ಉಂಟು. ‘ಮಾಂತೆಕಾ’ ಇದೆಯೇ ಎಂದು ಕೇಳಿ, ಹಂದಿ ಕೊಬ್ಬಿಗೆ ಅವರ ಮಾತು ಅದೇ. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಮಾಂಸದ ತುಂಡು ತೆಗೆದು ಕೊಡುತ್ತಾರೆ, ಕೊಬ್ಬು ಉಳಿದೇ ಇರುತ್ತದೆ. ಮೆಕ್ಕೆಜೋಳದ ತೊರ್ತಿಯಾದಲ್ಲಿ ಕಳ್ಳಿಯ ಎಲೆಯ ಪಲ್ಯ ಹಾಕಿಸಿಕೊಂಡು ತಿನ್ನಿ, ಜೊತೆಗೆ ಅಕ್ಕಿ ಮತ್ತು ದಾಲ್ಚಿನ್ನಿಯ ತಂಪು ಪಾನೀಯ ಒರ್ಚಾತಾ ಕುಡಿಯಿರಿ. ರಸ್ತೆಬದಿಯ ಮೆಕ್ಕೆಜೋಳಕ್ಕೆ ಮೊಟ್ಟೆಯ ಮಯೋನೀಸ್ ಸವರುತ್ತಾರೆ. ಬೇಡ ಎಂದರೆ ನಿಂಬೆ, ಖಾರ ಮಾತ್ರ ಹಾಕಿಕೊಡುತ್ತಾರೆ.

ಚೈನಾಟೌನ್‌ಗೆ ರೆಡ್ ಲೈನ್ ಸಾಕು, ನಿಲ್ದಾಣದ ಹೆಸರಲ್ಲೇ ಚೈನಾಟೌನ್ ಇದೆ.

ಡೆವನ್ ಅವೆನ್ಯೂವನ್ನು ಕೊನೆಗೆ ಇಟ್ಟುಕೊಳ್ಳಿ. ರೆಡ್ ಲೈನಿನಲ್ಲಿ ಲೊಯೋಲಾದಲ್ಲಿ ಇಳಿದು ಪಶ್ಚಿಮಕ್ಕೆ ಹೋಗುವ 155ನೇ ಬಸ್ ಹತ್ತಿದರೆ ವೆಸ್ಟರ್ನ್ ಬರುವ ಹೊತ್ತಿಗೆ ಸೀರೆ, ಚಿನ್ನ, ಮಿಠಾಯಿ ಅಂಗಡಿಗಳು ಕಾಣತೊಡಗುತ್ತವೆ. ಪಟೇಲ್ ಬ್ರದರ್ಸ್ ದಿನಸಿ ಅಂಗಡಿ 1974ರಲ್ಲಿ ಹುಟ್ಟಿದ್ದು ಇಲ್ಲೇ. ಮೊದಲ ದಿನವೇ ಇಲ್ಲಿಗೆ ಬಂದವರು ಊಟದ ವಿಷಯದಲ್ಲಿ ಆಮೇಲೆ ಬೇರೆಲ್ಲಿಗೂ ಹೊರಡುವುದಿಲ್ಲ, ಅದಕ್ಕೇ ಕೊನೆಗೆ ಎಂದೆ.

ಶಿಕಾಗೊದ ದಪ್ಪ ಪಿಜ್ಜಾ ತಿನ್ನಲೇಬೇಕು ಎಂದರೆ ಹಸಿವಾಗುವ ಮೊದಲೇ ಹೇಳಿಡಿ, ಬೇಯಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ನನಗಂತೂ ಅದಕ್ಕಿಂತ ತೆಳುವಾಗಿ ಗರಿಗರಿಯಾಗಿ ಬೇಯಿಸಿ ಚೌಕ ಚೌಕವಾಗಿ ಕತ್ತರಿಸಿ ಕೊಡುವ ಪಿಜ್ಜಾ ಇಷ್ಟ. ಅಲ್ಲಿನವರು ತಮ್ಮ ಬಡಾವಣೆಯ ಅಂಗಡಿಯಲ್ಲಿ ಕೂತು ತಿನ್ನುವುದೂ ಅದನ್ನೇ. ‘ಟ್ಯಾವರ್ನ್’ ಪಿಜ್ಜಾ ಎಂದು ಕೇಳಿ.