ಫೋಲ್ಡರ್ ಕಡಿಮೆ, ಫೀಲ್ಡ್ ಗಟ್ಟಿ: ಕಾಫಿ ತೋಟದ ಕಾಗದಪತ್ರ ಸ್ಕ್ಯಾನ್ ಮಾಡಿಡುವ ಬಗೆ

ಚಿಕ್ಕಮಗಳೂರು, ಮೂಡಿಗೆರೆ, ಬೇಲೂರು, ಸಕಲೇಶಪುರ ಕಡೆಯ ತೋಟಗಳ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ, ಇಂಡೆಕ್ಸ್ ಮಾಡಿ ಕೊಡುವುದು ನನ್ನ ಕೆಲಸ. ಸ್ಕ್ಯಾನ್ ಮಾಡಿ ಕಡತ ಜೋಡಿಸುವ ಕ್ಯಾಪ್ಚರ್ ಸಾಫ್ಟ್‌ವೇರ್ ಯಾವುದೇ ಇರಲಿ, ಅದರಲ್ಲಿ ಮೊದಲು ಕೈ ಹಾಕಬೇಕಾದದ್ದು ಎರಡು ಕಡೆ: ಫೋಲ್ಡರ್ ಕೆಟಗರಿ (ಕಾಗದಗಳ ವರ್ಗ) ಮತ್ತು ಇಂಡೆಕ್ಸ್ ಫೀಲ್ಡ್ (ಪ್ರತಿ ಕಡತದ ಜೊತೆ ತುಂಬುವ, ಆಮೇಲೆ ಹುಡುಕಲು ಬಳಸುವ ಮಾಹಿತಿಯ ಖಾನೆ). ಸ್ಕ್ಯಾನರ್ ಆನ್ ಮಾಡುವ ಮುಂಚೆ ಇವೆರಡನ್ನೂ ಕಾಗದದ ಮೇಲೆ ಬರೆದುಕೊಳ್ಳದಿದ್ದರೆ ಮುಂದೆ ಸಾವಿರಾರು ಕಡತಗಳನ್ನು ಮತ್ತೆ ಕೈಯಲ್ಲಿ ತಿದ್ದಬೇಕಾಗುತ್ತದೆ.

ತೋಟದ ರೈಟರನ್ನು (ಲೆಕ್ಕ ಬರೆಯುವ ಗುಮಾಸ್ತರನ್ನು) ಕೇಳಿದರೆ ಬೀರುವಿನಲ್ಲಿ ಹೇಗಿದೆಯೋ ಹಾಗೇ ಫೋಲ್ಡರ್ ಬೇಕು ಅನ್ನುತ್ತಾರೆ: ಊರಿಗೊಂದು, ಅದರೊಳಗೆ ಸರ್ವೆ ನಂಬರಿಗೊಂದು, ಅದರೊಳಗೆ ವರ್ಷಕ್ಕೊಂದು. ಬೀರುವಿಗೆ ಅದು ಸರಿ, ಅಲ್ಲಿ ಒಂದು ಕಾಗದ ಒಂದೇ ಕಡೆ ಇರಬಲ್ಲದು. ಸಾಫ್ಟ್‌ವೇರಿನಲ್ಲಿ ಊರು, ಸರ್ವೆ ನಂಬರ್, ವರ್ಷ ಇವೆಲ್ಲ ಫೀಲ್ಡ್ ಆಗಬೇಕು. ಹೊಸ ಫೋಲ್ಡರ್ ಕೆಟಗರಿ ಬೇಕೋ ಬೇಡವೋ ಅನ್ನುವುದಕ್ಕೆ ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಇದನ್ನು ಯಾರು ನೋಡಬಹುದು? ಎಷ್ಟು ವರ್ಷ ಇಡಬೇಕು? ಈ ಎರಡರ ಉತ್ತರ ಬೇರೆಯಾದರೆ ಮಾತ್ರ ಬೇರೆ ಕೆಟಗರಿ. ಜಮೀನಿನ ಪತ್ರ ಎಂದೆಂದಿಗೂ ಇರಬೇಕು, ಮಾಲೀಕರು ಮತ್ತು ವಕೀಲರು ಮಾತ್ರ ನೋಡಬೇಕು. ಜಿಎಸ್‌ಟಿ ಲೆಕ್ಕಪತ್ರವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಕೊಡಬೇಕಾದ ಕೊನೆ ದಿನದಿಂದ 72 ತಿಂಗಳು ಇಡಬೇಕು, ಆಡಿಟರ್ ಕೂಡ ನೋಡಬೇಕು. ಚೆಕ್‌ರೋಲ್ (ಕೂಲಿಯವರ ಹಾಜರಿ ಪುಸ್ತಕ), ಕೂಲಿ ಬಟವಾಡೆ ಪುಸ್ತಕ, ಪಿಎಫ್ ಚಲನ್ ಇವು ರೈಟರ ಕೈಗೆ ಸಿಗಬೇಕು, ಆದರೆ ಅವರಿಗೆ ಕ್ರಯಪತ್ರ ಕಾಣಬೇಕಿಲ್ಲ. ಹೀಗೆ ಸೋಸಿದರೆ ಎಷ್ಟೇ ದೊಡ್ಡ ತೋಟವಾದರೂ ಜಮೀನು, ಕಾಫಿ ಮತ್ತು ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಗ್ರೇಡ್ ಮಾಡುವುದು), ಕಾರ್ಮಿಕರು, ತೆರಿಗೆ-ಲೆಕ್ಕ, ವಾಹನ-ಯಂತ್ರ ಎಂಬ ಐದಕ್ಕೆ ನಿಲ್ಲುತ್ತದೆ. ‘ಇತರೆ’ ಎಂಬ ಕೆಟಗರಿಯನ್ನು ನಾನು ಮಾಡುವುದೇ ಇಲ್ಲ. ಮಾಡಿದರೆ ಟೈಪ್ ಮಾಡುವವರಿಗೆ ಅನುಮಾನ ಬಂದ ಕಾಗದವೆಲ್ಲ ಅಲ್ಲಿಗೇ ಹೋಗುತ್ತದೆ. ಅದರ ಬದಲು ‘ಕೇಳಬೇಕು’ ಎಂಬ ತಾತ್ಕಾಲಿಕ ಸ್ಥಿತಿ ಇಟ್ಟು, ವಾರಕ್ಕೊಮ್ಮೆ ಖಾಲಿ ಮಾಡಿಸುತ್ತೇನೆ.

ಕೆಟಗರಿಗೆ ತಕ್ಕಂತೆ ಸ್ಕ್ಯಾನ್ ಪ್ರೊಫೈಲ್ ಕೂಡ ಬದಲಾಗಬೇಕು. ಬಿಲ್ಲು-ಚಲನ್‌ಗಳಿಗೆ 300 ಡಿಪಿಐ ಕಪ್ಪು-ಬಿಳುಪು, ಖಾಲಿ ಪುಟ ತಾನಾಗೇ ಬಿಟ್ಟುಬಿಡುವ ಆಯ್ಕೆ ಆನ್. ಜಮೀನಿಗೆ 300 ಡಿಪಿಐ ಕಲರ್, ಖಾಲಿ ಪುಟ ಬಿಡುವ ಆಯ್ಕೆ ಕಡ್ಡಾಯವಾಗಿ ಆಫ್. ಛಾಪಾ ಕಾಗದದ ಹಿಂಬದಿಯಲ್ಲಿ ಮಾಸಿದ ಸೀಲು, ಮಾರಾಟಗಾರರ ಷರಾ ಇರುತ್ತದೆ. ಯಂತ್ರ ಅದನ್ನು ಖಾಲಿ ಎಂದುಕೊಂಡು ಎಸೆಯುತ್ತದೆ. ಪುಟದ ಅಳತೆಯನ್ನು ಎ4ಗೆ ಕಟ್ಟಿಹಾಕಬೇಡಿ, ಛಾಪಾ ಕಾಗದ ಅದಕ್ಕಿಂತ ಉದ್ದ, ಕೆಳಗಿನ ಸಹಿಗಳೇ ಕತ್ತರಿಸಿ ಹೋಗುತ್ತವೆ. ರೆವಿನ್ಯೂ ಸ್ಟಾಂಪು ಅಂಟಿಸಿದ ಹಾಳೆಯನ್ನು ಎರಡು ಹಾಳೆ ಎಂದು ಸ್ಕ್ಯಾನರ್ ನಿಲ್ಲಿಸುತ್ತದೆ. ಜೋಡಿ ಹಾಳೆ ಹಿಡಿಯುವ ಆ ಸೆನ್ಸರ್ ಆಫ್ ಮಾಡುವ ಬದಲು ಅಂಥ ಹಾಳೆಗಳನ್ನು ಬೇರೆ ಮಾಡಿ ಫ್ಲ್ಯಾಟ್‌ಬೆಡ್‌ನಲ್ಲಿ (ಗಾಜಿನ ಮೇಲೆ ಒಂದೊಂದೇ ಹಾಳೆ ಇಡುವ ಸ್ಕ್ಯಾನರ್) ಹಾಕುವುದು ಮೇಲು. ಮಲೆನಾಡಿನ ಮಳೆಗಾಲದಲ್ಲಿ ಕಾಗದ ತೇವ ಹಿಡಿದು ಒಂದಕ್ಕೊಂದು ಅಂಟಿರುವಾಗ ಆ ಸೆನ್ಸರ್ ಒಂದೇ ನಮಗೆ ದಿಕ್ಕು.

ಇನ್ನು ಫೀಲ್ಡ್. ತಲೆನೋವೆಲ್ಲ ಇರುವುದು ಇಲ್ಲೇ.

ಸರ್ವೆ ನಂಬರನ್ನು ಒಂದೇ ಫೀಲ್ಡಿನಲ್ಲಿ ‘112/2ಎ’ ಎಂದು ಟೈಪ್ ಮಾಡಿಸುವುದು ಎಲ್ಲರೂ ಮಾಡುವ ಕೆಲಸ. ಅದರಿಂದ ನಾಲ್ಕು ತೊಂದರೆ. ಒಂದು, ಪಠ್ಯವಾಗಿ ಜೋಡಿಸಿದಾಗ 10, 100, 11, 2 ಎಂದು ಬರುತ್ತದೆ. ಎರಡು, ಆ ಓರೆ ಗೀಟು (/) ವಿಂಡೋಸ್ ಕಡತದ ಹೆಸರಿನಲ್ಲಿ ನಿಷಿದ್ಧ. ಸಾಫ್ಟ್‌ವೇರ್ ಒಂದೋ ಎಕ್ಸ್‌ಪೋರ್ಟ್ ನಿಲ್ಲಿಸುತ್ತದೆ, ಇಲ್ಲವೇ 112 ಎಂಬ ಫೋಲ್ಡರ್ ಮಾಡಿ ಒಳಗೆ ‘2ಎ’ ಎಂಬ ಕಡತ ಇಡುತ್ತದೆ. ಭೂಮಿ ತಂತ್ರಾಂಶದಲ್ಲಿ (ಸರ್ಕಾರದ ಪಹಣಿ ವ್ಯವಸ್ಥೆ) ಸರ್ನಾಕ್ (ಸರ್ವೆ ನಂಬರಿನ ಪಕ್ಕ ಬರುವ ಉಪಗುರುತು) ಜಾಗದಲ್ಲಿ ಬರುವ ನಕ್ಷತ್ರ ಚಿಹ್ನೆಯೂ ಹಾಗೇ ನಿಷಿದ್ಧ. ಮೂರು, 12/2 ಎಂದಿರುವ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದರೆ ಅದು ದಿನಾಂಕವಾಗಿ ಕೂರುತ್ತದೆ. ಸೇವ್ ಮಾಡಿದ ಮೇಲೆ ಮೂಲ ನಂಬರ್ ವಾಪಸ್ ಬರುವುದಿಲ್ಲ. ನಾಲ್ಕು, ಒಬ್ಬರು 112/2ಎ, ಇನ್ನೊಬ್ಬರು 112-2ಎ, ಮತ್ತೊಬ್ಬರು 112/2 ಎ. ಹಾಗಾಗಿ ನಾನು ಸರ್ವೆ ನಂಬರ್, ಸರ್ನಾಕ್, ಹಿಸ್ಸಾ (ಸರ್ವೆ ನಂಬರಿನೊಳಗಿನ ಭಾಗ) ಎಂದು ಮೂರು ಫೀಲ್ಡ್ ಮಾಡುತ್ತೇನೆ. ಸರ್ವೆ ನಂಬರ್ ಪೂರ್ಣಾಂಕ ಮಾತ್ರ, ಉಳಿದೆರಡು ಪಠ್ಯ. ಕಡತದ ಹೆಸರಿಗೆ ಹೋಗುವಾಗ ಸರ್ವೆ ನಂಬರನ್ನು ನಾಲ್ಕು ಅಂಕೆಗೆ ತುಂಬಿಸಿ 0112 ಮಾಡುವಂತೆ ಟೆಂಪ್ಲೇಟ್‌ನಲ್ಲೇ ಬರೆದಿಡುತ್ತೇನೆ. ಎಕ್ಸೆಲ್‌ಗೆ ಪಟ್ಟಿ ತರುವುದಾದರೆ ನೇರವಾಗಿ ಡಬಲ್ ಕ್ಲಿಕ್ ಮಾಡದೆ, ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ ಆ ಕಾಲಂ ‘ಟೆಕ್ಸ್ಟ್’ ಎಂದು ಆರಿಸಬೇಕು.

ವಿಸ್ತೀರ್ಣದ ಕಥೆ ಇನ್ನೂ ಅಪಾಯಕಾರಿ. ಪಹಣಿಯಲ್ಲಿ 2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ದಶಮಾಂಶ ಫೀಲ್ಡಿಗೆ ಹಾಕಿದರೆ ಯಂತ್ರಕ್ಕೆ ಅದು 2.2, ಎಂದರೆ ಎರಡು ಎಕರೆ ಎಂಟು ಗುಂಟೆ. 1.30 ಮತ್ತು 1.20 ಕೂಡಿಸಿದರೆ ಅದು 2.50 ಎನ್ನುತ್ತದೆ, ನಿಜವಾದ ಲೆಕ್ಕ ಮೂರು ಎಕರೆ ಹತ್ತು ಗುಂಟೆ. ತಪ್ಪು ಕಣ್ಣಿಗೆ ರಾಚುವುದೂ ಇಲ್ಲ, ಸಣ್ಣ ವ್ಯತ್ಯಾಸವಾದ್ದರಿಂದ ಬ್ಯಾಂಕಿಗೆ ಕೊಡುವ ಪಟ್ಟಿಯವರೆಗೂ ಹೋಗಿಬಿಡುತ್ತದೆ. ಎಕರೆಗೊಂದು, ಗುಂಟೆಗೊಂದು, ಆಣೆಗೊಂದು ಫೀಲ್ಡ್ ಮಾಡಿ. ಗುಂಟೆಗೆ 0ರಿಂದ 39, ಆಣೆಗೆ 0ರಿಂದ 15 ಎಂಬ ಮಿತಿ ಹಾಕಿ. 40 ಎಂದು ಟೈಪ್ ಮಾಡಿದ ಕೂಡಲೇ ಅದು ತಡೆಯಬೇಕು. ಒಟ್ಟು ಬೇಕಿದ್ದರೆ ಎಲ್ಲವನ್ನೂ ಆಣೆಗೆ ತಂದು ಕೂಡಿಸಿ (ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ, ಅಲ್ಲಿಗೆ ಎಕರೆಗೆ 640 ಆಣೆ), ಆಮೇಲೆ ವಾಪಸ್ ಒಡೆಯಿರಿ.

ಒಂದೇ ಕ್ರಯಪತ್ರದಲ್ಲಿ ಐದಾರು ಸರ್ವೆ ನಂಬರ್ ಇರುವುದು ತೋಟಗಳಲ್ಲಿ ಮಾಮೂಲಿ. ಸಾಫ್ಟ್‌ವೇರಿನಲ್ಲಿ ಒಂದು ಫೀಲ್ಡಿನಲ್ಲಿ ಹಲವು ಮಾಹಿತಿ ತುಂಬುವ ಅಥವಾ ಟೇಬಲ್ ಫೀಲ್ಡ್ ಸೇರಿಸುವ ಅನುಕೂಲ ಇದ್ದರೆ ಕಣ್ಣುಮುಚ್ಚಿ ಅದನ್ನೇ ಬಳಸಿ. ಇಲ್ಲದಿದ್ದರೆ ‘ಎಲ್ಲ ಸರ್ವೆ’ ಎಂಬ ಹೆಚ್ಚುವರಿ ಪಠ್ಯ ಫೀಲ್ಡ್ ಮಾಡಿ ;112/2;113/1;118; ಎಂದು ಮೊದಲಿಗೂ ಕೊನೆಗೂ ಅರ್ಧವಿರಾಮ ಹಾಕಿಸುತ್ತೇನೆ. ಆಗ ;12/2; ಎಂದು ಹುಡುಕಿದರೆ 112/2 ಅಡ್ಡಬರುವುದಿಲ್ಲ. ಕ್ರಯಪತ್ರವನ್ನೇ ಆರು ಸಲ ಕಾಪಿ ಮಾಡಿ ಆರು ಕಡೆ ಇಡುವುದನ್ನು ಮಾತ್ರ ಮಾಡಬೇಡಿ, ಒಂದನ್ನು ತಿದ್ದಿದಾಗ ಉಳಿದ ಐದು ಹಳತಾಗೇ ಉಳಿಯುತ್ತವೆ.

ಊರು-ಹೋಬಳಿ-ತಾಲ್ಲೂಕನ್ನು ಟೈಪ್ ಮಾಡಲು ಬಿಡಲೇಬಾರದು. ಮೊದಲೇ ಸಿದ್ಧಮಾಡಿಟ್ಟ ಲುಕಪ್ ಪಟ್ಟಿಯಿಂದ ಗ್ರಾಮ ಆರಿಸಿದರೆ ಹೋಬಳಿ, ತಾಲ್ಲೂಕು ತಾನಾಗೇ ತುಂಬಬೇಕು. ಪಟ್ಟಿಯಲ್ಲಿ ಬರೀ ‘ಹೊಸಹಳ್ಳಿ’ ಎಂದಿಟ್ಟರೆ ಯಾವ ಹೊಸಹಳ್ಳಿ? ಗ್ರಾಮದ ಪಕ್ಕ ಹೋಬಳಿ ಕಾಣುವಂತೆ ಇಡಿ: ವಸ್ತಾರೆ, ಆಲ್ದೂರು, ಬಣಕಲ್, ಅರೇಹಳ್ಳಿ, ಹಾನುಬಾಳು ಹೀಗೆ. ಹಳೇ ಪತ್ರಗಳಲ್ಲಿ ಇನ್ನೊಂದು ಗುಂಡಿ ಇದೆ. ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಆ ಕಾಲದ ಮೂಡಿಗೆರೆ ಸೀಮೆಯ ಪತ್ರದಲ್ಲಿ ‘ಕಡೂರು’ ಕಂಡ ಕೂಡಲೇ ಹೊಸ ಹುಡುಗರು ತಾಲ್ಲೂಕು ಕಡೂರು ಎಂದು ಆರಿಸುತ್ತಾರೆ. ಸಕಲೇಶಪುರದ ಹಳೇ ಪತ್ರಗಳಲ್ಲಿ ತಾಲ್ಲೂಕು ಮಂಜರಾಬಾದ್. ಕಳಸ ಮೊನ್ನೆ ಮೊನ್ನೆಯವರೆಗೆ ಮೂಡಿಗೆರೆ ತಾಲ್ಲೂಕಿನ ಹೋಬಳಿ, ಈಗ ಅದೇ ತಾಲ್ಲೂಕು. ಇದಕ್ಕೆ ನನ್ನ ಉಪಾಯ ಎರಡು ಫೀಲ್ಡ್: ‘ಈಗಿನ ತಾಲ್ಲೂಕು’ ಲುಕಪ್‌ನಿಂದ, ‘ಪತ್ರದಲ್ಲಿ ಇರುವಂತೆ’ ಕೈಯಿಂದ. ಹುಡುಕುವುದು ಮೊದಲನೆಯದರಲ್ಲಿ. ಕೋರ್ಟಿಗೆ ಪಟ್ಟಿ ಕೊಡುವಾಗ ಬೇಕಾಗುವುದು ಎರಡನೆಯದು.

ವರ್ಷದ ಫೀಲ್ಡಿಗೆ ಬರೀ ‘ವರ್ಷ’ ಎಂದು ಹೆಸರಿಟ್ಟರೆ ಕಾಫಿ ತೋಟದಲ್ಲಿ ಗೊಂದಲ ಗ್ಯಾರಂಟಿ. ಕಾಫಿ ಹಂಗಾಮು ಅಕ್ಟೋಬರಿನಿಂದ ಸೆಪ್ಟೆಂಬರಿಗೆ, ಲೆಕ್ಕದ ವರ್ಷ ಏಪ್ರಿಲಿನಿಂದ ಮಾರ್ಚಿಗೆ. 2024ರ ಜನವರಿಯಲ್ಲಿ ಕೊಯ್ದ ರೋಬಸ್ಟಾ ಚೆರಿಯನ್ನು (ಹಣ್ಣಿನ ಸಮೇತ ಒಣಗಿಸಿದ ಕಾಫಿ) ಮೇ ತಿಂಗಳಲ್ಲಿ ಮಾರಿದರೆ ಆ ಬಿಲ್ಲಿನ ಹಂಗಾಮು 2023-24, ಲೆಕ್ಕದ ವರ್ಷ 2024-25. ‘ಕಾಫಿ ಹಂಗಾಮು’ ಮತ್ತು ‘ಲೆಕ್ಕದ ವರ್ಷ’ ಎಂದು ಎರಡು ಫೀಲ್ಡ್ ಬೇಕು. ಎರಡನೆಯದನ್ನು ಬಿಲ್ಲಿನ ದಿನಾಂಕದಿಂದ ಸಾಫ್ಟ್‌ವೇರೇ ಲೆಕ್ಕ ಹಾಕಲಿ. ಹಂಗಾಮನ್ನು ಮಾತ್ರ ಮನುಷ್ಯರೇ ಆರಿಸಬೇಕು, ಏಕೆಂದರೆ ಬೆಲೆ ಏರಲೆಂದು ಕಾದು ಮುಂದಿನ ಹಂಗಾಮಿನಲ್ಲಿ ಮಾರುವವರು ಬೇಕಾದಷ್ಟಿದ್ದಾರೆ. ಕ್ಯೂರಿಂಗ್ ವರ್ಕ್ಸ್‌ನ ಔಟ್‌ಟರ್ನ್ ವರದಿಗೆ (ಎಷ್ಟು ಕಾಫಿ ಹಾಕಿ ಎಷ್ಟು ಬೀಜ ಬಂತು ಎಂಬ ಲೆಕ್ಕ) ಕಾಫಿಯ ಬಗೆ (ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ), ಲಾಟ್ ನಂಬರ್, ಮೂಟೆ, ಕೆಜಿ ಸಾಕು. ಗ್ರೇಡುವಾರು ತೂಕಕ್ಕೆಲ್ಲ ಫೀಲ್ಡ್ ಮಾಡುವ ಆಸೆ ಬೇಡ. ಅದು ವರದಿಯ ಒಳಗೇ ಇದೆ, ಅದನ್ನು ಹುಡುಕುಪದವಾಗಿ ಯಾರೂ ಕೊಡುವುದಿಲ್ಲ.

ಕಡ್ಡಾಯ ಫೀಲ್ಡ್ ಎಷ್ಟಿರಬೇಕು? ಕೆಟಗರಿಗೆ ಮೂರು, ಹೆಚ್ಚೆಂದರೆ ನಾಲ್ಕು. ಎಲ್ಲವನ್ನೂ ಕಡ್ಡಾಯ ಮಾಡಿದರೆ ಟೈಪ್ ಮಾಡುವವರು ಚುಕ್ಕೆ ಇಟ್ಟು ಮುಂದೆ ಹೋಗುತ್ತಾರೆ. ದಿನಾಂಕ ಓದಲಾಗದ ಪತ್ರಕ್ಕೆ 01-01-1900 ಬೀಳುತ್ತದೆ. ಖಾಲಿ ಫೀಲ್ಡನ್ನು ಪಟ್ಟಿ ಮಾಡಿ ಹುಡುಕಬಹುದು, ಸುಳ್ಳು ತುಂಬಿದ ಫೀಲ್ಡನ್ನು ಹುಡುಕಲಾಗದು. ಹಿಂದಿನ ಕಡತದ ಮಾಹಿತಿ ಮುಂದಿನದಕ್ಕೆ ತಾನಾಗೇ ಇಳಿದು ಬರುವ ಆಯ್ಕೆಯನ್ನು ಬ್ಯಾಚಿಗೆ (ಒಂದೇ ಸಲ ಸ್ಕ್ಯಾನ್ ಮಾಡಿದ ಗುಂಪಿಗೆ) ಸೇರಿದ ಫೀಲ್ಡಿಗೆ (ತೋಟ, ಬೀರು, ಕಟ್ಟು) ಮಾತ್ರ ಕೊಡಿ. ಗ್ರಾಮಕ್ಕೆ ಕೊಟ್ಟರೆ ಕಟ್ಟಿನ ನಡುವೆ ಊರು ಬದಲಾದದ್ದು ಗಮನಕ್ಕೆ ಬರುವುದೇ ಇಲ್ಲ.

ಕನ್ನಡದಲ್ಲಿ ಇಂಡೆಕ್ಸ್ ಮಾಡುವವರಿಗೆ ಮಾತ್ರ ಇರುವ ಕಾಟಗಳು ಕೆಲವಿವೆ. ಅನುಸ್ವಾರ ‘ಂ’ ಮತ್ತು ಕನ್ನಡ ಸೊನ್ನೆ ‘೦’ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ, ಯೂನಿಕೋಡ್‌ನಲ್ಲಿ ಬೇರೆ ಬೇರೆ. ‘ಅ೦ಬಳೆ’ ಎಂದು ಸೊನ್ನೆ ಹಾಕಿ ಬರೆದ ಕಡತ ‘ಅಂಬಳೆ’ ಎಂದು ಹುಡುಕಿದರೆ ಸಿಗದು. ಯೂನಿಕೋಡ್ ನಾರ್ಮಲೈಸೇಶನ್ (ಒಂದೇ ಅಕ್ಷರದ ಬೇರೆ ಬೇರೆ ಸಂಕೇತರೂಪಗಳನ್ನು ಒಂದು ಮಾಡುವುದು) ಮಾಡಿದರೂ ಇದು ಸರಿಹೋಗುವುದಿಲ್ಲ (‘ೋ’ದಂಥ ಸ್ವರಚಿಹ್ನೆ ತುಂಡು ತುಂಡಾಗಿ ಬಂದಿದ್ದರೆ ಮಾತ್ರ ಅದು ಕೂಡಿಸುತ್ತದೆ). ಅಕ್ಷರಗಳ ನಡುವೆ ಬಂದ ಸೊನ್ನೆಯನ್ನು ಅನುಸ್ವಾರ ಮಾಡುವ ಒಂದು ನಿಯಮವನ್ನು ವ್ಯಾಲಿಡೇಶನ್‌ನಲ್ಲೇ (ಟೈಪ್ ಮಾಡಿದ್ದನ್ನು ಸಾಫ್ಟ್‌ವೇರ್ ಪರೀಕ್ಷಿಸುವ ಹಂತ) ಹಾಕಿಡಿ. ಅಂಕೆಗಳು 1, 2, 3 ಆಗಿಯೇ ಇರಲಿ, ಪತ್ರದಲ್ಲಿ ೧, ೨, ೩ ಇದ್ದರೂ. ಹಳೇ ನುಡಿ, ಬರಹ ಫಾಂಟಿನಲ್ಲಿ ಮಾಡಿದ ಪಟ್ಟಿ ಸಿಕ್ಕರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಲ್ಲಿ ನೋಡಿ, ಆಮೇಲೆ ಲುಕಪ್‌ಗೆ ಸೇರಿಸಿ. ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಕಡತ) ಆಗಿ ಸೇವ್ ಮಾಡುವಾಗ ಯುಟಿಎಫ್-8 ಎಂದಿರುವುದನ್ನೇ ಆರಿಸಿ, ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ.

ಕಡತದ ಹೆಸರಿಗೆ ಕನ್ನಡ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕನ್ನಡಾಭಿಮಾನಿಗಳು ಬೇಜಾರು ಮಾಡಿಕೊಳ್ಳಬಾರದು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. ‘ಚಿಕ್ಕಮಗಳೂರು’ ಎಂಬಲ್ಲಿ 11 ಸಂಕೇತ, ಅಂದರೆ 33 ಬೈಟ್. ಲಿನಕ್ಸ್ ಆಧಾರಿತ ಎನ್‌ಎಎಸ್ ಪೆಟ್ಟಿಗೆಗಳಲ್ಲಿ (ನೆಟ್‌ವರ್ಕಿನಲ್ಲಿ ಎಲ್ಲರೂ ಹಂಚಿಕೊಳ್ಳುವ ಡಿಸ್ಕ್) ಸಾಮಾನ್ಯವಾಗಿ ಕಡತದ ಹೆಸರಿಗೆ 255 ಬೈಟ್ ಮಿತಿ. ಗ್ರಾಮ, ಹೋಬಳಿ, ದಾಖಲೆ ಬಗೆ, ಹೆಸರು ಸೇರಿದರೆ ಅದು ದಾಟುತ್ತದೆ, ಬ್ಯಾಕಪ್ ಸದ್ದಿಲ್ಲದೆ ಆ ಕಡತ ಬಿಟ್ಟು ಹೋಗಬಹುದು. ವಿಂಡೋಸ್‌ನಲ್ಲಿ ಇಡೀ ದಾರಿಗೆ 260 ಅಕ್ಷರದ ಹಳೇ ಮಿತಿ ಬೇರೆ. ಹಾಗಾಗಿ ಹೆಸರು ಅಂಕೆಗಳಲ್ಲಿ: 0417-0112-02-03-19860314. ಗ್ರಾಮದ ಕೋಡ್, ಸರ್ವೆ, ಹಿಸ್ಸಾ, ದಾಖಲೆ ಬಗೆ, ದಿನಾಂಕ. ಹಿಸ್ಸಾದಲ್ಲಿ ಅಕ್ಷರ ಇದ್ದರೆ ಇಂಗ್ಲಿಷ್ ಅಕ್ಷರ. ಓದುವ ಹೆಸರೆಲ್ಲ ಫೀಲ್ಡಿನಲ್ಲಿ ಕನ್ನಡದಲ್ಲೇ ಇರುತ್ತದೆ.

ಓಸಿಆರ್ (ಚಿತ್ರದಿಂದ ಅಕ್ಷರ ಓದಿಸುವುದು) ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಪ್ಯೂಟರಿನಲ್ಲಿ ಮುದ್ರಿಸಿದ ಪಹಣಿಯನ್ನು ಟೆಸೆರಾಕ್ಟ್ ಎಂಬ ಓಸಿಆರ್ ತಂತ್ರಾಂಶದ ಕನ್ನಡ ರೂಪ ತಕ್ಕಮಟ್ಟಿಗೆ ಓದುತ್ತದೆ, ಕೈಬರಹದ ಪಹಣಿಯನ್ನು ಓದುವುದಿಲ್ಲ. ಕಾಲಂ 9ರ ಮಾಲೀಕರ ಹೆಸರನ್ನು ಓಸಿಆರ್‌ನಿಂದ ಎಳೆದು ಸೀದಾ ಫೀಲ್ಡಿಗೆ ಹಾಕುವ ಧೈರ್ಯ ನನಗಿಲ್ಲ. ಸರ್ವೆ ನಂಬರನ್ನು ಇಬ್ಬರು ಬೇರೆ ಬೇರೆಯಾಗಿ ಟೈಪ್ ಮಾಡಿ, ಹೊಂದದಿದ್ದರೆ ಮೂರನೆಯವರು ನೋಡುವ ಪದ್ಧತಿಯನ್ನು ಜಮೀನು ಕೆಟಗರಿಗೆ ಮಾತ್ರ ಇಟ್ಟಿದ್ದೇನೆ. ಬಿಲ್ಲುಗಳಿಗೆ ಅಷ್ಟು ಖರ್ಚು ದಂಡ.

ಕೆಲಸ ನಡೆಯುತ್ತಿರುವಾಗ ಕೆಟಗರಿ, ಫೀಲ್ಡ್ ಬದಲಿಸಬೇಕಾಗಿ ಬಂದೇ ಬರುತ್ತದೆ. ಫೀಲ್ಡ್ ಡಿಲೀಟ್ ಮಾಡಿದರೆ ಎಲ್ಲ ಕಡತಗಳಿಂದಲೂ ಅದರ ಮಾಹಿತಿ ಹೋಗುತ್ತದೆ, ಆದ್ದರಿಂದ ಮರೆಮಾಡುವ ಆಯ್ಕೆ ಬಳಸಿ. ಪಠ್ಯ ಫೀಲ್ಡನ್ನು ಅಂಕೆ ಫೀಲ್ಡ್ ಮಾಡಿದರೆ ಅಂಕೆಯಲ್ಲದ್ದೆಲ್ಲ ಖಾಲಿಯಾಗಬಹುದು; ಹೊಸ ಫೀಲ್ಡ್ ಮಾಡಿ, ಮಾಹಿತಿ ಸಾಗಿಸಿ, ಎಷ್ಟು ಖಾಲಿ ಉಳಿಯಿತು ಎಣಿಸಿ, ಆಮೇಲೆ ಹಳೆಯದನ್ನು ಮುಚ್ಚಿ. ಕಡತವನ್ನು ಒಂದು ಕೆಟಗರಿಯಿಂದ ಇನ್ನೊಂದಕ್ಕೆ ಎಳೆದಾಗ ಅಲ್ಲಿ ಇಲ್ಲದ ಫೀಲ್ಡಿನ ಮಾಹಿತಿ ಉದುರುತ್ತದೆ. ಇದನ್ನು ತಪ್ಪಿಸಲು ‘ದಿನಾಂಕ’, ‘ದಾಖಲೆ ಸಂಖ್ಯೆ’ಯಂಥವನ್ನು ಒಮ್ಮೆ ಮಾತ್ರ ಸೃಷ್ಟಿಸಿ ಎಲ್ಲ ಕೆಟಗರಿಗೂ ಹಂಚಬೇಕು. ಪ್ರತಿ ಕೆಟಗರಿಗೂ ಅದೇ ಹೆಸರಿನಲ್ಲಿ ಬೇರೆ ಬೇರೆ ಮಾಡಿದರೆ ಪರದೆಯಲ್ಲಿ ಒಂದೇ ಕಾಣುತ್ತದೆ, ಒಟ್ಟಾಗಿ ಹುಡುಕಿದಾಗ ಮಾತ್ರ ಅರ್ಧ ಫಲಿತಾಂಶ ಬರುತ್ತದೆ. ಕೆಟಗರಿಯ ಹೆಸರು ಬದಲಿಸುವ ಮುಂಚೆ ಎಕ್ಸ್‌ಪೋರ್ಟ್ ದಾರಿಯಲ್ಲಿ ಆ ಹೆಸರು ಇದೆಯೇ ನೋಡಿಕೊಳ್ಳಿ. ಇದ್ದರೆ ಹಳೇ ಕಡತ ಹಳೇ ಫೋಲ್ಡರಿನಲ್ಲಿ, ಹೊಸದು ಹೊಸದರಲ್ಲಿ ಬೀಳುತ್ತವೆ. ಯಾವ ಬದಲಾವಣೆಗೂ ಮುನ್ನ ಫೀಲ್ಡ್ ವ್ಯಾಖ್ಯೆ ಮತ್ತು ಲುಕಪ್ ಪಟ್ಟಿ ಎರಡನ್ನೂ ಎಕ್ಸ್‌ಪೋರ್ಟ್ ಮಾಡಿ, ಕಡತದ ಹೆಸರಿನಲ್ಲೇ ದಿನಾಂಕ ಹಾಕಿ, ಸ್ಕ್ಯಾನ್ ಮಾಡುವ ಕಂಪ್ಯೂಟರಿನಲ್ಲಿ ಅಲ್ಲದೆ ಬೇರೆ ಡಿಸ್ಕಿನಲ್ಲಿ ಇಡಿ.