ಟಾರು ಬಳಿಯಬೇಡಿ, ಒಳಗೆ ಮೇಣ ಹೊಡೆಯಿರಿ: ವಾಸ್ಕೋದಲ್ಲಿ ಕಾರಿನ ತುಕ್ಕು ನಿಲ್ಲಿಸಿದ ನನ್ನ ಅನುಭವ

ಗಾಡಿ 2009ರ ವ್ಯಾಗನ್ ಆರ್, ಗೋವಾದ ವಾಸ್ಕೋ ನೋಂದಣಿ (ಜಿಎ-06). ನಿಲ್ಲುವುದು ಅಲ್ಲಿನ ಬೈನಾದಲ್ಲಿ, ಸಮುದ್ರದಿಂದ ಕೂಗಳತೆ ದೂರ, ಮೇಲೆ ಶೀಟೂ ಇಲ್ಲ. ಹದಿನೈದು ವರ್ಷ ತುಂಬಿದ ಮೇಲೆ 5000 ರೂಪಾಯಿ ಕಟ್ಟಿ ಆರ್‌ಸಿ ರಿನ್ಯೂವಲ್‌ಗೆ ತೋರಿಸಿದೆ; ಕೆಳಗೆ ಟಾರ್ಚ್ ಬಿಟ್ಟು ನೋಡಿ ಪಾಸ್ ಮಾಡಿದರು. ಅದಕ್ಕೂ ಕೆಲವು ವರ್ಷ ಮೊದಲು ಇದೇ ಗಾಡಿಯ ಫ್ಲೋರ್ ನೋಡಿದ ಟಿಂಕರ್ (ಗಾಡಿಯ ತಗಡು ಕೆಲಸದವನು), ನಮ್ಮ ಗದಗ ಕಡೆಯವನೇ, "ಇದಕ್ಕ ರೊಕ್ಕಾ ಹಾಕಬ್ಯಾಡ್ರಿ ಸರ, ಗುಜರಿಗೆ ಕೊಟ್ಟಬಿಡ್ರಿ" ಅಂದಿದ್ದ. ಲ್ಯಾನೊಲಿನ್ (ಕುರಿ ಉಣ್ಣೆಯ ಜಿಡ್ಡು) ಹೊಡೀತೀನಿ ಅಂದಾಗ "ಎಣ್ಣಿ ಹಚ್ಚಿದ್ರ ಧೂಳ ಕುಂದರತೈತಿ, ಎರಡ ಮಳಿಗೆ ತೊಳಕೊಂಡ ಹೋಗತೈತಿ" ಅಂತ ನಕ್ಕ. ಈಗ ಅವನೇ ತನ್ನ ಗಿರಾಕಿಗಳಿಗೆ ನನ್ನ ನಂಬರು ಕೊಡುತ್ತಿದ್ದಾನೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಬರೆದಿಡುತ್ತಿದ್ದೇನೆ.

ಮೊದಲು ಟಾರಿನ ಮಾತು. ಅಂಡರ್‌ಬಾಡಿ ಕೋಟಿಂಗ್, ಅಂದರೆ ಗಾಡಿಯ ತಳಕ್ಕೆ ಬಳಿಯುವ ಟಾರಿನಂಥ ಕಪ್ಪು ಲೇಪ, ಎಲ್ಲರೂ ಹೊಡೆಸಿರುತ್ತೀರಿ. ನನ್ನ ಗಾಡಿಗೂ ಎರಡು ಸಲ ಆಗಿತ್ತು, ಒಟ್ಟು ಎಂಟು ಸಾವಿರದಷ್ಟು ಅದಕ್ಕೇ ಹೋಯಿತು. ಶೋರೂಮಿನಿಂದ ಬಂದ ಹೊಸ ಗಾಡಿಗೆ, ಒಣ ತಗಡಿಗೆ, ಅದು ಕಲ್ಲೇಟು ತಡೆಯಲು ಸರಿ. ಹಳೆ ಗಾಡಿಯಲ್ಲಿ ತುಕ್ಕಿನ ಮೇಲೇ ಬಳಿಯುತ್ತಾರೆ. ಕಲ್ಲು ಬಡಿದಲ್ಲಿ ಸೀಳು ಬೀಳುತ್ತದೆ, ಸೀಳಿನಲ್ಲಿ ಉಪ್ಪುನೀರು ಇಳಿಯುತ್ತದೆ, ಇಳಿದದ್ದಕ್ಕೆ ಹೊರಗೆ ಬರುವ ದಾರಿ ಇರುವುದಿಲ್ಲ. ಡ್ರೈವರ್ ಕಾಲಿನ ಕೆಳಗೆ ನುಣ್ಣಗೆ ಕಪ್ಪಗೆ ಹೊಳೆಯುತ್ತಿದ್ದ ಜಾಗಕ್ಕೆ ಸ್ಕ್ರೂಡ್ರೈವರ್ ತುದಿ ಒತ್ತಿದರೆ ಕೋಟಿಂಗ್ ಅಂಗೈಯಗಲ ಎದ್ದುಬಂತು. ಅದರ ಬೆನ್ನಿಗೆ ಕಂದು ಪದರ ಅಂಟಿಕೊಂಡಿತ್ತು, ಮೇಲಿರಬೇಕಾದ ತಗಡೇ ಇರಲಿಲ್ಲ, ಸೀದಾ ಮ್ಯಾಟ್ ಕಂಡಿತು. ಇನ್ನೂ ದೊಡ್ಡ ಅನಾಹುತವೆಂದರೆ ಸ್ಪ್ರೇ ಗನ್ ಹಿಡಿದ ಹುಡುಗ ನೀರು ಇಳಿದುಹೋಗುವ ಡ್ರೈನ್ ತೂತುಗಳನ್ನೂ ಮುಚ್ಚಿರುತ್ತಾನೆ. ನಿಮ್ಮ ಗಾಡಿಯಲ್ಲಿ ಬಾಗಿಲ ಕೆಳಗಂಚು, ರನ್ನಿಂಗ್ ಬೋರ್ಡಿನ (ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಟೊಳ್ಳು ತಗಡಿನ) ಅಡಿ ಇವತ್ತೇ ಬೆರಳಾಡಿಸಿ ನೋಡಿ.

ತುಕ್ಕು ನಮಗೆ ಕಾಣುವುದು ಹೊರಗೆ, ಹುಟ್ಟುವುದು ಡಬ್ಬಿಯ ಒಳಗೆ, ಅಂದರೆ ತಗಡಿನ ಮುಚ್ಚಿದ ಟೊಳ್ಳುಗಳಲ್ಲಿ: ರನ್ನಿಂಗ್ ಬೋರ್ಡ್, ಕ್ರಾಸ್ ಮೆಂಬರ್ (ತಳದ ಅಡ್ಡ ತೊಲೆ), ಬಾಗಿಲ ತಳ, ಡಿಕ್ಕಿ ಬಾಗಿಲ ಕೆಳಗಿನ ಮಡಿಕೆ, ಹಿಂದಿನ ವೀಲ್ ಆರ್ಚ್‌ನ ಒಳತುಟಿ. ಎರಡು ತಗಡು ಒಂದರ ಮೇಲೊಂದು ಕೂತು ಸ್ಪಾಟ್ ವೆಲ್ಡಿಂಗ್ ಆದ ಕಡೆಗೆಲ್ಲ ಬಣ್ಣ ಸರಿಯಾಗಿ ಹೋಗಿರುವುದಿಲ್ಲ. ಅಲ್ಲಿ ಉಪ್ಪು ಸೇರಿದರೆ ಮುಗಿಯಿತು. ಗಾಳಿಯ ತೇವ ಶೇಕಡಾ 75ರ ಆಸುಪಾಸಿಗೆ ಬಂದರೆ ಸಾಕು, ಉಪ್ಪು ನೀರು ಹೀರಿ ಒದ್ದೆಯಾಗುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ಮಳೆ ಬೀಳದ ದಿನವೂ ಡಬ್ಬಿಯೊಳಗೆ ಒದ್ದೆಯೇ. ಬಂದರಿನ ಕಡೆಯ ಕಲ್ಲಿದ್ದಲ ಧೂಳು ಆ ಸಂದಿಗಳಲ್ಲಿ ಕೂತು ಒದ್ದೆ ಹಿಡಿದಿಡುವುದು ವಾಸ್ಕೋದವರಿಗೆ ಮೇಲಿನ ಬೋನಸ್ಸು.

ಹಾಗಾಗಿ ಕೆಲಸ ಶುರುವಾಗುವುದು ತೊಳೆಯುವುದರಿಂದ. ಇಲ್ಲಿ ಒಂದು ವಿಷಯ ಯಾರೂ ನೋಡುವುದಿಲ್ಲ: ತೊಳೆಯುವ ನೀರು. ನೀರಿನಲ್ಲಿ ಕರಗಿದ ಲವಣ ಅಳೆಯುವ ಇನ್ನೂರು ರೂಪಾಯಿಯ ಟಿಡಿಎಸ್ ಮೀಟರ್ ಅದ್ದಿದಾಗ ನಲ್ಲಿ ನೀರು ನೂರರ ಆಸುಪಾಸು ತೋರಿಸಿತು. ಮಾಮೂಲಾಗಿ ಗಾಡಿ ತೊಳೆಸುತ್ತಿದ್ದ ಕಡೆಯ ಬೋರ್‌ವೆಲ್ ನೀರು ಸಾವಿರ ದಾಟಿತು. ದುಡ್ಡು ಕೊಟ್ಟು ಉಪ್ಪು ತುಂಬಿಸಿಕೊಂಡ ಹಾಗೆ. ಪ್ರೆಶರ್ ವಾಷರ್ ನಿಮ್ಮದೇ ಇದ್ದರೆ ನಲ್ಲಿ ನೀರಿಗೇ ಜೋಡಿಸಿ. ರನ್ನಿಂಗ್ ಬೋರ್ಡಿನ ರಬ್ಬರ್ ಗ್ರಾಮೆಟ್ (ತೂತಿನ ಬಿರಡೆ) ಕಿತ್ತು ಒಳಗೆ ಮಾಮೂಲಿ ಪೈಪಿನಿಂದ ನೀರು ಬಿಡಿ. ಮೊದಲು ಕೆಂಪಗೆ, ಆಮೇಲೆ ಕಪ್ಪಗೆ, ಕೊನೆಗೆ ತಿಳಿಯಾಗಿ ಬರುತ್ತದೆ. ಕೆಳಗೆ ಬಟ್ಟಲು ಹಿಡಿದು ಮೀಟರ್ ಅದ್ದಿ. ಹೋಗುವ ನೀರಿನ ಲೆಕ್ಕಕ್ಕೂ ಬರುವ ನೀರಿನ ಲೆಕ್ಕಕ್ಕೂ ಹೆಚ್ಚು ಅಂತರ ಉಳಿಯದಷ್ಟು ಹೊತ್ತು ಬಿಡಬೇಕು. ಜೊತೆಗೆ ವೈಪರ್ ಕೆಳಗಿನ ಕೌಲ್ (ಮುಂದಿನ ಗಾಜಿನ ಬುಡದ ಮುಚ್ಚಳ) ಬಿಚ್ಚಿ ಬಾದಾಮಿ ಎಲೆ, ತೆಂಗಿನ ಹೂವಿನ ಕಸ ತೆಗೆಯಿರಿ. ಅದರ ಡ್ರೈನ್ ಕಟ್ಟಿದರೆ ನೀರು ಬ್ಲೋವರ್ ದಾರಿಯಿಂದ ಒಳಗಿಳಿದು ಮ್ಯಾಟ್ ಕೆಳಗಿನ ಫೋಮಿನಲ್ಲಿ ವಾರಗಟ್ಟಲೆ ನಿಲ್ಲುತ್ತದೆ.

ಕಾಲ ಏಪ್ರಿಲ್ ಕೊನೆ, ಮೇ ಮೊದಲು. ಬಿಸಿಲಿಗೆ ಎರಡು ಮೂರು ದಿನ ಬಿಟ್ಟು, ಹಗಲಲ್ಲಿ ಬಾಗಿಲು ತೆರೆದು, ರನ್ನಿಂಗ್ ಬೋರ್ಡಿನ ಒಂದು ತೂತಿಗೆ ಹೇರ್ ಡ್ರೈಯರ್ ಹಿಡಿದರೆ ಇನ್ನೊಂದು ತೂತಿನಿಂದ ಹಸಿ ಗಾಳಿ ಬರುವುದು ಕೈಗೇ ಗೊತ್ತಾಗುತ್ತದೆ. ಅದು ನಿಲ್ಲುವ ತನಕ ಮುಂದಿನ ಕೆಲಸ ಬೇಡ.

ಟಿಂಕರಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮಗೆಲ್ಲ ಗೊತ್ತಿರುವುದೇ. ಎರಡೂ ಬದಿ ರನ್ನಿಂಗ್ ಬೋರ್ಡ್ ಪೂರ್ತಿ ಬದಲಿಸಲು 35 ಸಾವಿರದ ಕೊಟೇಶನ್ ಬಂದಿತ್ತು. ನಾನು ಕೊಳೆತಷ್ಟೇ ಕತ್ತರಿಸಿ 20 ಗೇಜ್ ತಗಡಿನ ತೇಪೆ ಹಾಕಿಸಿದೆ, ಸಿಓಟು ವೆಲ್ಡಿಂಗ್, ಒಂಬತ್ತು ಸಾವಿರದಷ್ಟು. ಬ್ರೇಜಿಂಗ್ (ಹಿತ್ತಾಳೆ ಬೆಸುಗೆ) ಬೇಡ, ಪುಟ್ಟಿ ತುಂಬಿಸುವುದಂತೂ ಬೇಡವೇ ಬೇಡ. ಪುಟ್ಟಿ ನೀರು ಹೀರುತ್ತದೆ. ತೇಪೆ ಹಾಕುವವನ ಪಕ್ಕದಲ್ಲಿ ನಿಂತು ನೋಡಿ, ಗಟ್ಟಿ ತಗಡು ಸಿಗುವ ತನಕ ಕತ್ತರಿಸಿದ್ದಾನೋ ಇಲ್ಲವೋ ಅಂತ. ತುಕ್ಕಿಗೇ ಬೆಸುಗೆ ಹಾಕಿದರೆ ಒಂದೇ ಮಳೆಗಾಲಕ್ಕೆ ಅಂಚಿನಿಂದ ಬಿಡುತ್ತದೆ. ಬ್ಯಾಟರಿ ಟರ್ಮಿನಲ್ ಎರಡೂ ಬಿಚ್ಚಿಸಿ. ಫ್ಲೋರಿನ ಹತ್ತಿರ ಪೆಟ್ರೋಲ್ ಪೈಪು ಎಲ್ಲಿ ಹಾದಿದೆ ಅಂತ ನೀವೇ ತೋರಿಸಿ.

ಆಮೇಲಿನ ಕ್ರಮ ಹಿಂದುಮುಂದಾಗಬಾರದು. ವೈರ್ ಬ್ರಷ್, ರಸ್ಟ್ ಕನ್ವರ್ಟರ್ (ಉಳಿದ ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರಾವಣ), ಎಪಾಕ್ಸಿ ಪ್ರೈಮರ್, ಸೀಮ್ ಸೀಲರ್ (ತಗಡಿನ ಜೋಡಣೆ ಮುಚ್ಚುವ ಅಂಟು), ಬಣ್ಣ, ಎಲ್ಲ ಮುಗಿದ ಮೇಲೆ ಮೇಣ. ಮೇಣ ತಾಗಿದ ತಗಡಿಗೆ ಆಮೇಲೆ ಯಾವ ಬಣ್ಣವೂ ಹಿಡಿಯುವುದಿಲ್ಲ. ಕನ್ವರ್ಟರ್ ಫಾಸ್ಫಾರಿಕ್ ಆಸಿಡ್ಡಿನದಾದರೆ, ಗುಳಿಯೊಳಗೆ ಉಳಿದ ತುಕ್ಕಿಗೆ ಮಾತ್ರ ಹಚ್ಚಿ, ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದು ಒಣಗಿಸಬೇಕು. ಆಸಿಡ್ ಉಳಿದ ಮೇಲೆ ಎಪಾಕ್ಸಿ ಹೊಡೆದರೆ ಸಿಪ್ಪೆ ಏಳುತ್ತದೆ. ನನಗೆ ಎಡಗಡೆ ಆರ್ಚ್ ಹಾಗೇ ಎದ್ದು ಮತ್ತೆ ಉಜ್ಜಬೇಕಾಯಿತು. ಪ್ರೈಮರ್ ಹಾರ್ಡ್‌ನರ್ ಸೇರಿ ಲೀಟರಿಗೆ ಸಾವಿರದ ನೂರೋ ಏನೋ ಬಿತ್ತು, ಅರ್ಧವೂ ಖರ್ಚಾಗಲಿಲ್ಲ.

ಈಗ ಮೇಣ. ಅದರ ಮುಖ್ಯ ವಸ್ತು ಲ್ಯಾನೊಲಿನ್; ಕಾಸ್ಮೆಟಿಕ್ ಕಚ್ಚಾಮಾಲು ಮಾರುವವರಲ್ಲಿ ನೀರಿಲ್ಲದ್ದು ಕೇಳಿ. ಮುಂಬೈಯ ಪ್ರಿನ್ಸೆಸ್ ಸ್ಟ್ರೀಟಿನ ಕೆಮಿಕಲ್ ಅಂಗಡಿಗಳಲ್ಲಿ ಕಿಲೋಗೆ ಸಾವಿರ, ಸಾವಿರದ ನೂರು. ಜೊತೆಗೆ ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್, ಲೀಟರಿಗೆ 150ರ ಆಸುಪಾಸು. ಒಂದೂವರೆ ಕಿಲೋ ಲ್ಯಾನೊಲಿನ್‌ಗೆ ಒಂದೂವರೆ ಲೀಟರ್ ಟರ್ಪೆಂಟೈನ್, ಮೇಲೆ ನೂರೈವತ್ತು ಗ್ರಾಂ ಜೇನುಮೇಣ. ಇಷ್ಟರಲ್ಲಿ ಮೂರು ಲೀಟರ್ ಆಗುತ್ತದೆ, ಸಣ್ಣ ಗಾಡಿಗೆ ಸರಿಯಾಗಿ ಸಾಕು.

ಈ ಅಳತೆಗೆ ಬರುವ ಮೊದಲು ಹಾಳಾದದ್ದು ಬಹಳ. ಲ್ಯಾನೊಲಿನ್‌ನ ಅರ್ಧದಷ್ಟೇ ಟರ್ಪೆಂಟೈನ್ ಹಾಕಿದ ಮೊದಲ ಪಾಕ ನಾಜಲ್‌ನಲ್ಲೇ ಗಟ್ಟಿಯಾಗಿ ಕೂತಿತು. ಸೀಮೆಎಣ್ಣೆ ಹಾಕಿದ್ದು ಸಂದಿಗೆ ಚೆನ್ನಾಗಿ ಇಳಿಯಿತು, ಆದರೆ ಗಾಡಿಯೊಳಗಿನ ವಾಸನೆಗೆ ಮನೆಯವರು ಹತ್ತಲು ಒಪ್ಪಲಿಲ್ಲ. ಜೇನುಮೇಣ ಇಲ್ಲದ್ದು ಮೇ ಬಿಸಿಲಿಗೆ ಎಲ್ಲ ಇಳಿದು ಪಾರ್ಕಿಂಗ್ ಜಾಗದಲ್ಲಿ ಬಿತ್ತು. ಪೆಟ್ರೋಲ್ ಬೆರೆಸುವ ಯೋಚನೆಯನ್ನೇ ಮಾಡಬೇಡಿ, ಮುಚ್ಚಿದ ಡಬ್ಬಿಯೊಳಗೆ ಅದರ ಆವಿ ತುಂಬುತ್ತದೆ.

ಕರಗಿಸುವುದು ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು. ಜೇನುಮೇಣ ಮೊದಲು, ಅದಕ್ಕೆ 65 ಡಿಗ್ರಿ ಬೇಕು. ಲ್ಯಾನೊಲಿನ್ 40ರ ಆಸುಪಾಸಿಗೇ ಕರಗುತ್ತದೆ. ಒಲೆ ಪೂರ್ತಿ ಆರಿಸಿ, ಡಬ್ಬಿ ಅಂಗಳಕ್ಕೆ ತಂದ ಮೇಲೆಯೇ ಟರ್ಪೆಂಟೈನ್. ಆರಿದಾಗ ಬೇಸಿಗೆಯ ತುಪ್ಪದ ಹದಕ್ಕೆ ಬರಬೇಕು. ಇದರ ಮೇಲೆ ನಾನು ಇನ್ನೊಂದು ಪುಡಿ ಚೂರು ಸೇರಿಸುತ್ತೇನೆ, ನಿಂತ ಗೋಡೆಯಿಂದ ಇಳಿಯದಿರಲಿ ಅಂತ. ಅದರ ಹೆಸರು ಇಲ್ಲಿ ಹೇಳುವುದಿಲ್ಲ. ಅದಿಲ್ಲದೆಯೂ ಕೆಲಸ ಆಗುತ್ತದೆ, ವರ್ಷಕ್ಕೊಮ್ಮೆ ಬದಲು ಸ್ವಲ್ಪ ಬೇಗ ಮತ್ತೆ ಹೊಡೆಯಬೇಕಾಗುತ್ತದೆ, ಅಷ್ಟೇ.

ಗನ್ ಅಂಡರ್‌ಕೋಟಿಂಗ್‌ನದೇ, ಸಾವಿರದಿನ್ನೂರು. ಅದರ ಬಾಯಿಗೆ ಒಂದು ಮೀಟರ್ 6 ಎಂ.ಎಂ. ಪಿಯು (ಪಾಲಿಯುರೆಥೇನ್) ಪೈಪು, ತುದಿಗೆ ಹಿತ್ತಾಳೆ ಬಿರಡೆ ಬಡಿದು, ತುದಿಯ ಹಿಂದೆ ಸುತ್ತಲೂ 1 ಎಂ.ಎಂ. ಬಿಟ್‌ನಿಂದ ಆರೇಳು ತೂತು. ಪೈಪನ್ನು ಕೊನೆವರೆಗೆ ತಳ್ಳಿ, ಗನ್ ಒತ್ತಿಕೊಂಡೇ ನಿಧಾನ ಹಿಂದಕ್ಕೆ ಎಳೆಯಬೇಕು. ಗಾಳಿ 5 ಬಾರ್ ಸಾಕು. ಪ್ರತಿ ರನ್ನಿಂಗ್ ಬೋರ್ಡಿಗೆ 400 ಎಂ.ಎಲ್., ಬಾಗಿಲಿಗೆ 150ರಂತೆ, ಡಿಕ್ಕಿ ಬಾಗಿಲಿಗೆ 100, ಕ್ರಾಸ್ ಮೆಂಬರ್‌ಗಳಿಗೆ ಅರ್ಧ ಲೀಟರ್, ಉಳಿದದ್ದು ಹೊರಗಿನ ಬೆಸುಗೆ ಸಾಲು, ಸ್ಪ್ರಿಂಗ್ ಸೀಟು, ಜ್ಯಾಕ್ ಪಾಯಿಂಟ್‌ಗಳಿಗೆ. ಸಾಕಾಯಿತು ಅನ್ನುವ ಗುರುತು: ಕೆಳಗಿನ ಸ್ಪಾಟ್ ವೆಲ್ಡಿಂಗ್ ಅಂಚಿನಲ್ಲಿ ಉದ್ದಕ್ಕೂ ಹಳದಿ ಗೆರೆ ಒಸರಬೇಕು. ಒಂದು ಕಡೆ ಒಸರದಿದ್ದರೆ ಅಲ್ಲಿ ಕಸ ಕಟ್ಟಿದೆ. ಕೊನೆಗೆ ತೆಳು ತಂತಿಯಿಂದ ಎಲ್ಲ ಡ್ರೈನ್ ತೂತು ಮತ್ತೆ ಬಿಡಿಸಿ.

ತಾಗಿಸಬಾರದ ಜಾಗ: ಸೈಲೆನ್ಸರ್, ಕ್ಯಾಟ್ ಕಾನ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್), ಬ್ರೇಕ್ ಡಿಸ್ಕ್ ಮತ್ತು ಡ್ರಮ್, ಸಸ್ಪೆನ್ಷನ್ ಬುಷ್, ಆಕ್ಸಲ್ ಬೂಟ್. ಟರ್ಪೆಂಟೈನ್ ರಬ್ಬರನ್ನು ಊದಿಸುತ್ತದೆ. ಬುಷ್‌ಗಳಿಗೆ ಪ್ಲಾಸ್ಟಿಕ್ ಕಟ್ಟಿಯೇ ಹೊಡೆಯಿರಿ. ಬಾಗಿಲೊಳಗೆ ಹೊಡೆಯುವಾಗ ಗಾಜು ಪೂರ್ತಿ ಮೇಲಿರಲಿ, ಸ್ಪೀಕರ್‌ಗೆ ಚೀಲ ಮುಚ್ಚಿ. ಆಮೇಲೆ ಎರಡು ದಿನ ಗಾಡಿಯ ಹತ್ತಿರ ಬೀಡಿ ಸಿಗರೇಟು ಬೇಡ. ಮುಂದೆ ಎಂದಾದರೂ ಆ ಡಬ್ಬಿಗೆ ವೆಲ್ಡಿಂಗ್ ಬಂದರೆ, ಒಳಗೆ ಮೇಣ ಇದೆ, ಹೊತ್ತಿಕೊಳ್ಳುತ್ತದೆ ಅಂತ ಟಿಂಕರ್‌ಗೆ ಮೊದಲೇ ಹೇಳಿ.

ತೊಳೆದುಹೋಗುತ್ತದೆ ಅನ್ನುವವರಿಗಾಗಿ ಒಂದು ಮಳೆಗಾಲ ಪೂರ್ತಿ ಟೆರೇಸಿನ ಕಂಬಿಗೆ ತಗಡು ತುಂಡುಗಳನ್ನು ನೇತುಹಾಕಿದ್ದೆ, ಎಲ್ಲ ಒಂದೇ ಶೀಟಿನವು, ಎಲ್ಲದರ ಮೇಲೂ ಮೊಳೆಯಲ್ಲಿ ಒಂದೊಂದು ಗೀರು. ಬರಿ ತಗಡು ಮೂರ್ನಾಲ್ಕು ದಿನಕ್ಕೇ ಕಂದಾಯಿತು. ಅಂಡರ್‌ಬಾಡಿಯ ರಬ್ಬರ್ ಕೋಟಿಂಗಿನದು ನೋಡಲು ಚೆಂದ, ಗೀರಿನ ಪಕ್ಕ ಎತ್ತಿದರೆ ಹೆಬ್ಬೆರಳಗಲ ತುಕ್ಕು. ಸುಟ್ಟ ಎಂಜಿನ್ ಆಯಿಲ್ ಆಗಸ್ಟ್‌ಗೆ ಮೊದಲೇ ಮಾಯ. ಅದರಲ್ಲಿ ಆಸಿಡ್ಡೂ ಇರುತ್ತದೆ, ಕೈಗೂ ಒಳ್ಳೆಯದಲ್ಲ. ಹಳೇ ಸರ್ವಿಸ್ ಸ್ಟೇಷನ್ ಪದ್ಧತಿಯ ಗ್ರೀಸ್-ಡೀಸೆಲ್ ಅಡ್ಡ ಮಲಗಿಸಿದ ತುಂಡಿಗೆ ನಿಂತಿತು, ನೇತುಹಾಕಿದ್ದಕ್ಕೆ ನಿಲ್ಲಲಿಲ್ಲ. ದೋಣಿಗೆ ಬಳಿಯುವ ಗೇರು ಸಿಪ್ಪೆಯ ಎಣ್ಣೆಯನ್ನೂ ಬಿಡಲಿಲ್ಲ: ಮರದ ಮೇಲೆ ಅದು ರಾಜ, ತಗಡಿನ ಮೇಲೆ ಗಾಜಿನಷ್ಟು ಗಡುಸಾಗಿ ಬಗ್ಗಿಸಿದರೆ ಉದುರುತ್ತದೆ, ಮೇಲಾಗಿ ಮಣಿಕಟ್ಟಿಗೆ ಬೊಬ್ಬೆ ಎದ್ದವು. ಲ್ಯಾನೊಲಿನ್ ತುಂಡಿನ ಗೀರು ತಾನೇ ಮುಚ್ಚಿಕೊಂಡಿತ್ತು, ಒರೆಸಿದರೆ ಕೆಳಗೆ ಬೆಳ್ಳಗಿನ ತಗಡು. ಆದರೆ ಉಪ್ಪುನೀರಿನಲ್ಲಿ ಅದ್ದಿ, ತೊಳೆಯದೆ ಲ್ಯಾನೊಲಿನ್ ಹಚ್ಚಿದ ತುಂಡಿನಲ್ಲಿ ಕಂದು ಚುಕ್ಕಿಗಳು ಬಂದವು. ತೊಳೆಯುವುದಕ್ಕೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕೇ. ಬ್ಯಾಟರಿಗೆ ಜೋಡಿಸುವ ಎಲೆಕ್ಟ್ರಾನಿಕ್ ತುಕ್ಕು ನಿರೋಧಕ ಡಬ್ಬಿಯ ಬಗ್ಗೆ ಕೇಳುತ್ತಾರೆ. ನೀರಲ್ಲಿ ಮುಳುಗಿದ ಹಡಗಿಗೆ ಆ ತತ್ವ ಸರಿ. ಗಾಳಿಯಲ್ಲಿ ನಿಂತ ಕಾರಿಗೆ ದುಡ್ಡು ದಂಡ.

ಧೂಳು ಕೂರುವುದು ನಿಜ. ಅನ್ಮೋಡ್ ಘಾಟ್ ಹತ್ತಿ ಹುಬ್ಬಳ್ಳಿಗೆ ಹೋಗಿ ಬಂದರೆ ಹೊರಗೆ ಹಚ್ಚಿದ ಕಡೆಯೆಲ್ಲ ಕೆಂಪು. ಅದು ಮೇಣದಲ್ಲಿ ನೆನೆದ ಧೂಳು, ಕೆರೆದರೆ ಕೆಳಗೆ ತಗಡು ಹಾಗೇ ಇರುತ್ತದೆ, ಕೆರೆಯದೆ ಬಿಡಿ. ಗಾಡಿಯ ತಳಕ್ಕೆ ಶಾಂಪೂ ಹಾಕಿ ಪ್ರೆಶರ್ ಹೊಡೆಸಬೇಡಿ, ಬರಿ ನೀರು ಸಾಕು.

ಲೆಕ್ಕ ಹೀಗೆ: ವೆಲ್ಡಿಂಗ್ ಒಂಬತ್ತು, ಪ್ರೈಮರ್ ಕನ್ವರ್ಟರ್ ಸೀಲರ್ ಎರಡು ಚಿಲ್ಲರೆ, ಮೇಣ ಎರಡು, ಗನ್ ಒಂದು ಚಿಲ್ಲರೆ; ಹದಿನಾಲ್ಕೂವರೆ ಸಾವಿರದೊಳಗೆ. ಕಂಪ್ರೆಸರ್ ಪಕ್ಕದ ಪಂಕ್ಚರ್ ಅಂಗಡಿಯದು, ಚಹಾ ಖರ್ಚು ಮಾತ್ರ. ಈಗ ಪ್ರತಿ ಮೇನಲ್ಲಿ ಒಂದು ಲೀಟರ್ ಮೇಲ್ಮೇಲೆ ಹೊಡೆಯುತ್ತೇನೆ, ಏಳುನೂರು ಎಂಟುನೂರು ರೂಪಾಯಿಯ ಬಾಬ್ತು. ಅಕ್ಟೋಬರಿನಲ್ಲಿ ಗ್ರಾಮೆಟ್ ಕಿತ್ತು ಆರುನೂರು ರೂಪಾಯಿಯದೊಂದು ಮೊಬೈಲ್ ಎಂಡೋಸ್ಕೋಪ್ ಕ್ಯಾಮೆರಾ ಒಳಗೆ ಬಿಟ್ಟು ನೋಡುತ್ತೇನೆ. ಬಲಗಡೆ ಎ ಪಿಲ್ಲರ್ (ಮುಂದಿನ ಗಾಜಿನ ಪಕ್ಕದ ಕಂಬ) ಬುಡಕ್ಕೆ ಪೈಪು ಮುಟ್ಟಿಸುವ ದಾರಿ ಒಂದಿದೆ, ಬಂದವರಿಗೆ ಗಾಡಿಯ ಮೇಲೇ ತೋರಿಸುತ್ತೇನೆ, ಬರೆದರೆ ಅರ್ಥವಾಗದು.

ಡಿಕ್ಕಿ ಬಾಗಿಲ ಮಡಿಕೆ ಮಾತ್ರ ಇನ್ನೂ ಪೂರ್ತಿ ಮಣಿದಿಲ್ಲ, ನಂಬರ್ ಪ್ಲೇಟ್ ಹಿಂದಿನಿಂದ ಎಲ್ಲೋ ನೀರು ಇಳಿಯುತ್ತಿದೆ. ಈ ಮೇನಲ್ಲಿ ಪ್ಲೇಟಿನ ಸ್ಕ್ರೂ ತೂತುಗಳಿಗೆ ಸೀಲರ್ ಇಟ್ಟು ನೋಡಬೇಕು. ಇನ್ನು ಲೋಹದ ಬ್ರೇಕ್ ಪೈಪು. ಅದಕ್ಕೂ ಮೇಣ ಹಚ್ಚಿ, ಆದರೆ ಉಗುರಿಗೆ ಗುಳಿ ಸಿಕ್ಕುವಷ್ಟು ತಿಂದಿದ್ದರೆ ಮೇಣದ ಭರವಸೆಗೆ ಬಿಡದೆ ಪೈಪನ್ನೇ ಬದಲಿಸಿ, ಬ್ಲೀಡಿಂಗ್ ಮಾಡಿಸಿ (ಒಳಗಿನ ಗಾಳಿ ತೆಗೆಸಿ).